ಆಮಿಶರ ಕೌದಿ: ಹಾಸಿಗೆಯಿಂದ ಗೋಡೆಗೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿ ಬಂದವರು ಫೋಟೊ ತೋರಿಸುತ್ತಾರೆ, ಅಲ್ವಾ? ನಯಾಗರ ಇರುತ್ತದೆ, ವಾಷಿಂಗ್ಟನ್ ಇರುತ್ತದೆ. ಮಕ್ಕಳು ನ್ಯೂಜೆರ್ಸಿ, ಫಿಲಡೆಲ್ಫಿಯಾ ಕಡೆ ಇದ್ದರೆ ಇನ್ನೊಂದು ಫೋಟೊ ಗ್ಯಾರಂಟಿ. ಡಾಂಬರು ರಸ್ತೆಯಲ್ಲಿ ಕಪ್ಪು ಚಕ್ರದ ಕುದುರೆ ಗಾಡಿ, ಪಕ್ಕದಲ್ಲಿ ಮುಸುಕಿನ ಜೋಳದ ಹೊಲ. ಅದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿ. ಕರೆಂಟಿನ ತಂತಿಯನ್ನು ಮನೆಯೊಳಗೆ ಬಿಟ್ಟುಕೊಳ್ಳದ ಆಮಿಶ್ ಜನ ಇರುವ ಸೀಮೆ. ಹೋದವರೆಲ್ಲ ಗಾಡಿ ನೋಡುತ್ತಾರೆ, ಬೆಲ್ಲದ ಪಾಕದ ಪೈ ತಿನ್ನುತ್ತಾರೆ, ವಾಪಸ್ ಬರುತ್ತಾರೆ. ಅಲ್ಲಿನ ಅಂಗಡಿಗಳಲ್ಲಿ ಮಡಚಿಟ್ಟಿರುವ, ಗೋಡೆಗೆ ನೇತು ಹಾಕಿರುವ ಕ್ವಿಲ್ಟ್‌ಗಳ ಬೆಲೆಚೀಟಿ ನೋಡಿ ಸುಮ್ನೆ ಕೈ ಹಿಂದಕ್ಕೆ ತೆಗೆದುಕೊಂಡವರೂ ಇದ್ದಾರೆ. ದೊಡ್ಡ ಮಂಚದ ಅಳತೆಯದು ಸಾವಿರ ಡಾಲರ್ ದಾಟುವುದು ಮಾಮೂಲು. ಇವತ್ತು ಆ ಕ್ವಿಲ್ಟ್‌ಗಳ ಕಥೆ.

ಕೌದಿ ಅಂತಲೇ ಕರೆಯೋಣ. ಧಾರವಾಡ, ಬೆಳಗಾವಿ ಕಡೆಯವರಿಗೆ ಬೇರೆ ವಿವರಣೆ ಬೇಡ. ಆದರೆ ಕಟ್ಟೋಣದಲ್ಲಿ ವ್ಯತ್ಯಾಸವಿದೆ. ನಮ್ಮ ಕೌದಿಯಲ್ಲಿ ಹಳೇ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತೇಪೆ ಇಟ್ಟು, ಎಲ್ಲವನ್ನೂ ಒಟ್ಟಿಗೆ ಹೊಲಿಯುತ್ತಾರೆ. ಅವರದು ಲೆಕ್ಕದ ಮೂರು ಪದರ. ಮೇಲಿನದು ತುಂಡು ಬಟ್ಟೆಗಳನ್ನು ಮೊದಲೇ ಕೂಡಿಸಿ ಮಾಡಿದ ಹಾಳೆ. ನಡುವೆ ಬೆಚ್ಚಗಿಡುವ ತೆಳು ಹತ್ತಿಯ ಹಾಸು. ಕೆಳಗೆ ಅಸ್ತರಿ. ಈ ಮೂರನ್ನೂ ಹಿಡಿದಿಡುವ ಸಣ್ಣ ಕೈಹೊಲಿಗೆಯೇ ಅಲ್ಲಿ ದೊಡ್ಡ ಕೆಲಸ.

ಮೊದಲು ಈ ಜನ ಯಾರು ಅಂತ ಎರಡು ಮಾತು. 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲವರು, ಎಳೆ ಕೂಸಿಗೆ ದೀಕ್ಷಾಸ್ನಾನ ಯಾಕೆ, ದೊಡ್ಡವರಾಗಿ ತಾವೇ ಒಪ್ಪಿ ಪಡೆಯಲಿ ಎಂದರು. ಮುಂದೆ ಇವರ ಪಂಥ ಕತ್ತಿಯನ್ನೂ ಹಿಡಿಯುವುದಿಲ್ಲ ಎಂದಿತು. ಅದಕ್ಕೆ ಎಷ್ಟೋ ಜನರ ಪ್ರಾಣವೇ ಹೋಯಿತು. ಡಚ್ ಪಾದ್ರಿ ಮೆನ್ನೊ ಸೈಮನ್ಸ್ ಹೆಸರಿನಿಂದ ಅವರಿಗೆ ಮೆನ್ನೊನೈಟರು ಎಂಬ ಹೆಸರು ಬಂತು. 1693ರಲ್ಲಿ ಯಾಕೋಬ್ ಅಮ್ಮನ್ ಎಂಬಾತ, ನಾವು ಸಡಿಲ ಬಿಟ್ಟಿದ್ದು ಜಾಸ್ತಿಯಾಯಿತು ಎಂದು ಬೇರೆಯಾದ. ಅವನ ಕಡೆಗೆ ಹೋದವರು ಆಮಿಶರು. 18ನೇ ಶತಮಾನದಲ್ಲಿ ಹಡಗು ಹತ್ತಿ ಪೆನ್ಸಿಲ್ವೇನಿಯಾಕ್ಕೆ ಬಂದರು. ಇವತ್ತು ಉತ್ತರ ಅಮೆರಿಕದಲ್ಲಿ ಸುಮಾರು 4 ಲಕ್ಷ ಆಮಿಶರಿದ್ದಾರೆ. ಅಂಗಿಯ ಬಣ್ಣ ಯಾವುದಿರಬೇಕು, ಟೊಪ್ಪಿಯ ಅಂಚು ಎಷ್ಟು ಅಗಲ ಇರಬೇಕು ಅನ್ನುವುದನ್ನೂ ಅವರವರ ಸಭೆಯ ಕಟ್ಟಳೆ ಹೇಳುತ್ತದೆ.

ಇಷ್ಟು ಹಳೇ ಜನ, ಇಷ್ಟು ಬಿಗಿ ಕಟ್ಟಳೆ. ಹಾಗಾದರೆ ಕೌದಿಯೂ ಯೂರೋಪಿನಿಂದಲೇ ಗಂಟು ಕಟ್ಟಿಕೊಂಡು ಬಂದದ್ದು ಇರಬೇಕು, ಅಲ್ವಾ? ಅಲ್ಲ. ಬರುವಾಗ ಅವರು ಹೊದೆಯುತ್ತಿದ್ದದ್ದು ಪುಕ್ಕ ತುಂಬಿದ ದುಪ್ಪಟಿ, ಮಗ್ಗದಲ್ಲಿ ನೇಯ್ದ ಕಂಬಳಿ. ಕೌದಿ ಹೊಲಿಯುವುದನ್ನು ಕಲಿತದ್ದು ಇಂಗ್ಲಿಷ್ ಮಾತಾಡುವ ಅಕ್ಕಪಕ್ಕದವರಿಂದ. 1870ಕ್ಕೆ ಮೊದಲಿನ ಆಮಿಶ್ ಕೌದಿ ಸಿಗುವುದೇ ಅಪರೂಪ. ಅಕ್ಕಪಕ್ಕದವರು ಹಳೇ ಫ್ಯಾಷನ್ ಆಯಿತು ಎಂದು ಕೈಬಿಡುತ್ತಿದ್ದ ಮಾದರಿಗಳನ್ನು ಇವರು ಹಿಡಿದುಕೊಂಡರು. ನಾವು ಇವತ್ತು 'ಆಮಿಶ್ ಸಂಪ್ರದಾಯ' ಎಂದು ಕರೆಯುವುದರ ಮೊದಲ ಹೊಲಿಗೆಯೇ ನೆರೆಮನೆಯಿಂದ ತಂದ ಕಡ. ನನಗೆ ಈ ಕೌದಿಗಳಲ್ಲಿ ತುಂಬ ಇಷ್ಟವಾಗುವ ವಿಷಯ ಇದೇ.

ಕಡ ತಂದದ್ದನ್ನು ಏನು ಮಾಡಿದರು, ಅದು ನೋಡಬೇಕಾದದ್ದು. ನೆರೆಯವರ ಕೌದಿಯಲ್ಲಿ ಹೂವಿನ ಅಚ್ಚಿನ ಬಟ್ಟೆ, ಚುಕ್ಕಿ ಬಟ್ಟೆ, ಗೆರೆ ಬಟ್ಟೆ. ಆಮಿಶರು ತೊಡುವುದು ಅಚ್ಚಿಲ್ಲದ ಒಂದೇ ಬಣ್ಣದ ಬಟ್ಟೆ. ಹಾಗಾಗಿ ಕೌದಿಗೂ ಅದೇ ಬಂತು. ಅಚ್ಚು ಹೋದ ಮೇಲೆ ಉಳಿದದ್ದು ಬಣ್ಣ ಮತ್ತು ಆಕಾರ, ಎರಡೇ. ಲ್ಯಾಂಕಾಸ್ಟರ್‌ನ ಹೆಂಗಸರು ಆ ಎರಡರಲ್ಲೇ ಹಬ್ಬ ಮಾಡಿದರು. ಸುಮಾರು 1880ರಿಂದ 1940ರವರೆಗೆ ಹೊಲಿದ ಅವರ ಉಣ್ಣೆಯ ಕೌದಿಗಳನ್ನು ನೋಡಿದರೆ, ಸರಳ ಜನ ಅಂದರೆ ಬೂದು ಬಣ್ಣದ ಜನ ಎಂದುಕೊಂಡವರಿಗೆ ಕಣ್ಣು ಕುಕ್ಕುತ್ತದೆ. ನೇರಳೆ ಪಕ್ಕದಲ್ಲಿ ಕಡು ಗುಲಾಬಿ, ಅದರ ಪಕ್ಕ ನವಿಲು ನೀಲಿ, ಆಚೆ ಗಾಢ ಹಸಿರು.

ಲ್ಯಾಂಕಾಸ್ಟರ್‌ನಲ್ಲಿ ಹೆಸರಾದ ಮಾದರಿ ಮೂರು. ಒಂದು 'ಬಾರ್ಸ್', ಉದ್ದುದ್ದ ಪಟ್ಟೆಗಳು. ಇದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಇನ್ನೊಂದು 'ಸನ್‌ಶೈನ್ ಆ್ಯಂಡ್ ಶ್ಯಾಡೋ', ಅಂದರೆ ಬಿಸಿಲು ನೆರಳು. ನೂರಾರು ಸಣ್ಣ ಚೌಕಗಳನ್ನು ತೆಳು ಬಣ್ಣದಿಂದ ಗಾಢಕ್ಕೆ, ಗಾಢದಿಂದ ತೆಳುವಿಗೆ ಸಾಲು ಸಾಲಾಗಿ ಕೂಡಿಸುತ್ತಾರೆ. ನಡುವಿನಿಂದ ಬಣ್ಣದ ಅಲೆ ಎದ್ದು ಅಂಚಿನವರೆಗೂ ಹೋದಂತೆ ಕಾಣುತ್ತದೆ. ಮೂರನೆಯದು 'ಸೆಂಟರ್ ಡೈಮಂಡ್'. ಲ್ಯಾಂಕಾಸ್ಟರ್ ಬಿಟ್ಟರೆ ಬೇರೆ ಆಮಿಶರಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ನಡುವೆ ಮೂಲೆಯ ಮೇಲೆ ನಿಂತ ಒಂದು ದೊಡ್ಡ ಚೌಕ, ನಾಲ್ಕು ಕಡೆ ನಾಲ್ಕು ತ್ರಿಕೋನ, ಸುತ್ತ ಒಂದು ಕಿರಿದಾದ ಪಟ್ಟಿ, ಆಮೇಲೆ ಅಗಲವಾದ ಅಂಚು, ಮೂಲೆಗಳಲ್ಲಿ ದೊಡ್ಡ ಚೌಕ. ಅಷ್ಟೇ. ಇಡೀ ಕೌದಿಯಲ್ಲಿ ಇಪ್ಪತ್ತು ಚಿಲ್ಲರೆ ತುಂಡುಗಳೂ ಇರುವುದಿಲ್ಲ.

ಇಲ್ಲಿ ಇನ್ನೊಂದು ನಂಬಿಕೆ ಉರುಳುತ್ತದೆ. ತೇಪೆ ಕೌದಿ ಅಂದರೆ ಉಳಿದ ಚೂರುಪಾರುಗಳ ಉಪಯೋಗ, ಬಡವರ ಜಾಣತನ ಅಂತ ನಾವು ಅಂದುಕೊಳ್ಳುತ್ತೇವೆ. ಸೆಂಟರ್ ಡೈಮಂಡಿನ ಅಂಚಿಗೆ ಬೇಕಾಗುವ ಅಗಲವಾದ, ಎರಡು ಗಜ ಉದ್ದದ ಉಣ್ಣೆ ಬಟ್ಟೆ ಚೂರಿನ ಬುಟ್ಟಿಯಲ್ಲಿ ಸಿಗುತ್ತದೆಯೇ? ಅದಕ್ಕೆಂದೇ ಅಂಗಡಿಯಲ್ಲಿ ಅಳೆಸಿ ತಂದದ್ದು ಅದು. ಮಕ್ಕಳ ಮದುವೆಗೆ ಕೊಡಲು, ನೆಂಟರು ಬಂದಾಗ ಹೊರಗಿನ ಕೋಣೆಯ ಮಂಚಕ್ಕೆ ಹಾಸಲು, ಆಸೆಪಟ್ಟು ಹೊಲಿದದ್ದು.

ಒಹಾಯೊ, ಇಂಡಿಯಾನಾ ಕಡೆಯ ಆಮಿಶರದು ಬೇರೆ ಕೈ. ಅಲ್ಲಿ ಹತ್ತಿ ಬಟ್ಟೆ, ಹಿನ್ನೆಲೆಗೆ ಕಪ್ಪು, ಅದರ ಮೇಲೆ ಸಣ್ಣ ತುಂಡುಗಳ ಕಸರತ್ತು. ಸಮುದ್ರದ ಅಲೆಯಂಥ 'ಓಷನ್ ವೇವ್ಸ್', ಪೆಟ್ಟಿಗೆಗಳು ಉರುಳಿದಂತೆ ಕಾಣುವ 'ಟಂಬ್ಲಿಂಗ್ ಬ್ಲಾಕ್ಸ್'. ಪೆನ್ಸಿಲ್ವೇನಿಯಾದ್ದೇ ಇನ್ನೊಂದು ಕಣಿವೆ, ಮಿಫ್ಲಿನ್ ಕೌಂಟಿಯಲ್ಲಿ, ತೀರಾ ಬಿಗಿ ಕಟ್ಟಳೆಯ ಗುಂಪಿನವರು ನಾಲ್ಕು ಚೌಕ, ಒಂಬತ್ತು ಚೌಕದ ಮಾದರಿ ದಾಟಿ ಹೆಚ್ಚು ಮುಂದೆ ಹೋಗಲಿಲ್ಲ. ಮೆನ್ನೊನೈಟರಲ್ಲಿ ಕಟ್ಟಳೆ ಸ್ವಲ್ಪ ಸಡಿಲ. ಅಚ್ಚಿನ ಬಟ್ಟೆಗೂ ಜಾಗ ಇತ್ತು, ಹೂವು ಬಳ್ಳಿ ಕತ್ತರಿಸಿ ಮೇಲಿಟ್ಟು ಹೊಲಿಯುವುದಕ್ಕೂ ಜಾಗ ಇತ್ತು. ಕಾಮನಬಿಲ್ಲಿನಂತೆ ಬಣ್ಣದ ಪಟ್ಟೆಗಳಿರುವ 'ಜೋಸೆಫ್ಸ್ ಕೋಟ್' ಪೆನ್ಸಿಲ್ವೇನಿಯಾದ ಮೆನ್ನೊನೈಟರ ಕೈಯಲ್ಲಿ ಬೆಳಗಿದ ಮಾದರಿ.

ಈಗ ಹೊಲಿಗೆಯ ಹತ್ತಿರ ಬರೋಣ. ತುಂಡುಗಳನ್ನು ಕೂಡಿಸುವುದಕ್ಕೆ ಆಮಿಶರು ಮಿಶಿನ್ನನ್ನೇ ಬಳಸುತ್ತಾರೆ, ಕಾಲಲ್ಲಿ ತುಳಿಯುವಂಥದ್ದು. ಕರೆಂಟ್ ಬೇಡ ತಾನೇ, ಹಾಗಾಗಿ ತಕರಾರಿಲ್ಲ. 'ಪೂರ್ತಿ ಕೈಯಲ್ಲೇ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೈಕೆಲಸ ಶುರುವಾಗುವುದು ಮೂರು ಪದರವನ್ನು ಮರದ ಚೌಕಟ್ಟಿಗೆ ಬಿಗಿದ ಮೇಲೆ. ಚೌಕಟ್ಟು ಕೋಣೆಯ ಅರ್ಧ ಜಾಗ ತಿನ್ನುತ್ತದೆ. ಸುತ್ತ ಕುರ್ಚಿ ಹಾಕಿಕೊಂಡು ಅಕ್ಕತಂಗಿಯರು, ಅತ್ತೆ ಸೊಸೆಯರು, ಪಕ್ಕದ ತೋಟದವರು ಕೂರುತ್ತಾರೆ. ಬಲಗೈ ಮೇಲೆ, ಎಡಗೈ ಬಟ್ಟೆಯ ಕೆಳಗೆ. ಬಲಗೈ ನಡುಬೆರಳಿಗೆ ಲೋಹದ ಸಣ್ಣ ಟೊಪ್ಪಿಗೆ. ಅದರಿಂದ ಸೂಜಿಯ ಹಿಂಬದಿಯನ್ನು ಒತ್ತಿ ನೆಟ್ಟಗೆ ಇಳಿಸುತ್ತಾರೆ. ಸೂಜಿಮೊನೆ ಮೂರೂ ಪದರ ದಾಟಿ ಕೆಳಗಿನ ಬೆರಳಿಗೆ ಚುಚ್ಚಿತೋ, ಆ ಬೆರಳೇ ಅದನ್ನು ಮೇಲಕ್ಕೆ ತಳ್ಳುತ್ತದೆ. ಹೀಗೆ ಸೂಜಿಯನ್ನು ತೂಗಿಸುತ್ತ ಮೂರು ನಾಲ್ಕು ಹೊಲಿಗೆ ಸೂಜಿಯ ಮೇಲೆ ತುಂಬಿಕೊಂಡು ಒಂದೇ ಸಲ ದಾರ ಎಳೆಯುತ್ತಾರೆ. ಒಳ್ಳೆಯ ಕೈಯಾದರೆ ಒಂದು ಇಂಚಿಗೆ ಎಂಟು, ಹತ್ತು ಹೊಲಿಗೆ ಬೀಳುತ್ತದೆ. ದಾರ ಶುರು ಮಾಡುವಾಗ ಹಾಕಿದ ಗಂಟನ್ನು ಹಗುರವಾಗಿ ಎಳೆದು, ಪಟ್ ಅಂತ ಹತ್ತಿಯೊಳಕ್ಕೆ ನುಗ್ಗಿಸಿ ಬಿಡುತ್ತಾರೆ. ಹಿಂದೆ ಮುಂದೆ ಎಲ್ಲೂ ಗಂಟು ಕಾಣುವುದಿಲ್ಲ. ಕೆಳಗಿದ್ದ ಎಡಗೈ ಬೆರಳ ತುದಿ ಮಾತ್ರ ಗಟ್ಟಿಯಾಗಿ, ಒರಟಾಗಿ ಹೋಗಿರುತ್ತದೆ.

ಮೇಲಿನ ಬಟ್ಟೆಯಲ್ಲಿ ಬರೀ ಚೌಕ, ಬರೀ ತ್ರಿಕೋನ. ಹೊಲಿಗೆಯಲ್ಲಿ ಮಾತ್ರ ಗರಿಗಳ ಸುರುಳಿ, ಗುಲಾಬಿ, ಹಣ್ಣಿನ ಬುಟ್ಟಿ, ಹಗ್ಗದ ಹೆಣಿಗೆ. ಗಾಢ ಬಟ್ಟೆಯ ಮೇಲೆ ಗಾಢ ದಾರ, ಪಕ್ಕದಿಂದ ಬೆಳಕು ಬಿದ್ದರೆ ಮಾತ್ರ ಕಾಣುತ್ತದೆ. ಬಟ್ಟೆಯಲ್ಲಿ ಬೇಡವೆಂದ ಹೂವು ದಾರದಲ್ಲಿ ಬಂದು ಕೂತಿತು. ಇದಕ್ಕೆ ಯಾವ ಬಿಷಪ್ಪರೂ ಮುಖ ಗಂಟಿಕ್ಕಿದಂತೆ ಕಾಣುವುದಿಲ್ಲ.

ಅಂದಹಾಗೆ, ಗೈಡ್‌ಗಳು ಒಂದು ಕಥೆ ಹೇಳುತ್ತಾರೆ. ಪರಿಪೂರ್ಣ ಅನ್ನುವುದು ದೇವರೊಬ್ಬನೇ, ಅದಕ್ಕೆ ಆಮಿಶ್ ಹೆಂಗಸರು ಪ್ರತಿ ಕೌದಿಯಲ್ಲೂ ಬೇಕಂತಲೇ ಒಂದು ತಪ್ಪು ಬಿಡುತ್ತಾರೆ ಅಂತ. ಕೇಳಲು ಚೆನ್ನಾಗಿದೆ. ಆದರೆ ಕೌದಿಯ ಇತಿಹಾಸ ಬಲ್ಲವರು ಇದಕ್ಕೆ ಆಧಾರವಿಲ್ಲ ಎನ್ನುತ್ತಾರೆ. ನಾನು ಪರಿಪೂರ್ಣವಾಗಿ ಹೊಲಿಯಬಲ್ಲೆ, ಆದರೆ ಬಿಟ್ಟುಕೊಟ್ಟೆ ಅನ್ನುವುದೇ ದೊಡ್ಡ ಜಂಬ ಅಲ್ವಾ? ತಪ್ಪು ತಾನಾಗಿ ಆಗುತ್ತದೆ, ಅದಕ್ಕೆ ಪ್ರಯತ್ನ ಬೇಡ.

1971ರಲ್ಲಿ ಒಂದು ತಿರುವು ಬಂತು. ಜೊನಾಥನ್ ಹೋಲ್‌ಸ್ಟೀನ್ ಮತ್ತು ಗೇಲ್ ವಾನ್ ಡರ್ ಹೂಫ್ ಎಂಬ ಸಂಗ್ರಾಹಕರು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲಿ ಅಮೆರಿಕದ ಹಳೇ ಕೌದಿಗಳನ್ನು ಚಿತ್ರಗಳ ಹಾಗೆ ಬಿಳಿ ಗೋಡೆಗೆ ನೇತು ಹಾಕಿದರು. ಜನ ಮುಗಿಬಿದ್ದರು. ಆಧುನಿಕ ಚಿತ್ರಕಾರರು ದೊಡ್ಡ ದೊಡ್ಡ ಬಣ್ಣದ ಚೌಕ ಬರೆದು ಹೆಸರು ಮಾಡುತ್ತಿದ್ದ ಕಾಲ ಅದು. ಅದನ್ನೇ ರೈತರ ಮನೆಯ ಹೆಂಗಸರು ಎಷ್ಟೋ ವರ್ಷ ಮೊದಲು ಮಾಡಿದ್ದರು ಎಂದು ವಿಮರ್ಶಕರಿಗೆ ಹೊಳೆಯಿತು. ಸ್ವಲ್ಪ ಕಾಲದಲ್ಲೇ ಆಮಿಶರ ಕೌದಿಗೆ ಎಲ್ಲಕ್ಕಿಂತ ಜಾಸ್ತಿ ಬೇಡಿಕೆ ಬಂತು. ವ್ಯಾಪಾರಿಗಳು ತೋಟದ ಮನೆಗಳ ಬಾಗಿಲು ತಟ್ಟಿ, ಅಜ್ಜಿ ಹೊಲಿದದ್ದು ಏನಾದರೂ ಇದೆಯೇ ಎಂದು ಕೇಳತೊಡಗಿದರು. ಸ್ಯಾನ್ ಫ್ರಾನ್ಸಿಸ್ಕೊದ ಎಸ್ಪ್ರಿ ಬಟ್ಟೆ ಕಂಪನಿಯ ಡಗ್ ಟಾಂಪ್ಕಿನ್ಸ್ ಕಚೇರಿಯ ಗೋಡೆಗಳ ತುಂಬ ಲ್ಯಾಂಕಾಸ್ಟರ್ ಕೌದಿ ತೂಗುಹಾಕಿದರು. ಆ ಸಂಗ್ರಹದ 82 ಕೌದಿಗಳನ್ನು 2002ರಲ್ಲಿ ಲ್ಯಾಂಕಾಸ್ಟರ್‌ನ ಸಂಸ್ಥೆಯೊಂದು ಕೊಂಡು ಊರಿಗೆ ತಂದಿತು. ಅದರ ಹಿಂದಿನ ವರ್ಷ ಅಮೆರಿಕದ ಅಂಚೆ ಇಲಾಖೆ ಆಮಿಶ್ ಕೌದಿಯ ನಾಲ್ಕು ಸ್ಟಾಂಪುಗಳನ್ನೂ ತಂದಿತ್ತು.

ಮಾರಿದವರಿಗೆ ಬೇಸರವಾಗಲಿಲ್ಲವೇ ಎಂದರೆ, ಎಲ್ಲರಿಗೂ ಇಲ್ಲ. ಹಳೇ ಗಾಢ ಬಣ್ಣದ ಕೌದಿಗೆ ನಗರದವರು ಬಾಯಿಬಿಡುವಾಗ, ಅವರು ಆಗಲೇ ಹೊಸ ಬಣ್ಣ, ಹೊಸ ಬಟ್ಟೆಗೆ ಹೋಗಿದ್ದರು. ಬಂದ ದುಡ್ಡು ಮಕ್ಕಳಿಗೆ ಹಂಚಲು ಸುಲಭ. ಅಜ್ಜಿಯ ಒಂದು ಕೌದಿಯನ್ನು ಎಂಟು ಮಕ್ಕಳಿಗೆ ಹಂಚುವುದು ಹೇಗೆ?

ಮನೆಯ ಹಳೇ ಕೌದಿಗಳು ಖಾಲಿಯಾಗುತ್ತ ಬಂದವು, ಪ್ರವಾಸಿಗರು ಜಾಸ್ತಿಯಾಗುತ್ತ ಬಂದರು. ಆಗ ಕೌದಿ ಒಂದು ಗೃಹೋದ್ಯಮವಾಯಿತು. ಬಣ್ಣ ಆರಿಸುವವಳು ಒಬ್ಬಳು, ತುಂಡು ಕೂಡಿಸುವವಳು ಇನ್ನೊಬ್ಬಳು, ಗೆರೆ ಹಾಕುವವಳು ಬೇರೆ, ಕೈಹೊಲಿಗೆಯವರು ಬೇರೆ. ಕೈಹೊಲಿಗೆಗೆ ಕೂಲಿ ಲೆಕ್ಕ ಹಾಕುವುದು ಬಳಸಿದ ದಾರದ ಗಜಕ್ಕೆ ಇಷ್ಟು ಅಂತ. ಹಸುಗೂಸು ಇರುವ ತಾಯಿ ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ ಇದು. ಎಷ್ಟೋ ಮನೆಗಳಿಗೆ ಬೇಸಾಯದ ಪಕ್ಕ ಇದೊಂದು ಆಸರೆ.

ಈ ಕೈಗಳಲ್ಲಿ ಇನ್ನೂ ಒಂದು ಕೈ ಸೇರಿತು. 1975ರ ನಂತರ ಲಾವೋಸ್ ಬಿಟ್ಟು ಓಡಿ ಬಂದ ಹ್ಮಾಂಗ್ ನಿರಾಶ್ರಿತರಲ್ಲಿ ಕೆಲವು ಕುಟುಂಬಗಳು ಲ್ಯಾಂಕಾಸ್ಟರ್ ಸೀಮೆಗೆ ಬಂದವು. ಅವರನ್ನು ಕರೆಸಿಕೊಂಡು ನೆಲೆ ಕೊಟ್ಟವರಲ್ಲಿ ಮೆನ್ನೊನೈಟರೂ ಇದ್ದರು. ಹ್ಮಾಂಗ್ ಹೆಂಗಸರು ಬಟ್ಟೆ ಕತ್ತರಿಸಿ ಮಡಚಿ ಹೊಲಿಯುವ ಸೂಕ್ಷ್ಮ ಕಸೂತಿಯಲ್ಲಿ ಪಳಗಿದವರು. ಅಂಗಡಿಯವರಿಗೆ ಅದು ತಕ್ಷಣ ಕಂಡಿತು. ಹೃದಯ, ಹಕ್ಕಿ, ಹೂಮಾಲೆಗಳನ್ನು ಕೌದಿಯ ಮೇಲೆ ಕೂರಿಸುವ ಕೆಲಸ ಅವರಿಗೆ ಹೋಯಿತು. ಪ್ರವಾಸಿಗರು 'ಅಪ್ಪಟ ಆಮಿಶ್' ಎಂದು ಕೊಂಡ ಎಷ್ಟೋ ಕೌದಿಗಳಲ್ಲಿ ಲಾವೋಸಿನ ಬೆಟ್ಟದ ಹೆಂಗಸರ ಹೊಲಿಗೆ ಇದೆ. ಇದು ಮೋಸ ಎಂದು ಕೂಗಾಡಿದವರಿದ್ದಾರೆ. ಯಾರ ಕೈಯದು ಎಂಬುದನ್ನು ಅಂಗಡಿಯವರು ಚೀಟಿಯಲ್ಲಿ ಬರೆಯದೆ ಇದ್ದದ್ದು ತಪ್ಪು, ಒಪ್ಪುತ್ತೇನೆ. ಹೊಲಿದವಳಿಗೆ ಸಲ್ಲಬೇಕಾದ ಹೆಸರು ಅದು. ಆದರೆ ಕೌದಿ ಕೆಟ್ಟುಹೋಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆಮಿಶರು ನೆರೆಯವರಿಂದ ಕಲಿತರು, ಹ್ಮಾಂಗರು ಆಮಿಶರಿಂದ. ಎರಡನೆಯದಕ್ಕೆ ಮಾತ್ರ ಯಾಕೆ ಗಲಾಟೆ?

ಮಾರಾಟಕ್ಕಲ್ಲದ ಕೌದಿಗಳೂ ಇವೆ. ಮೆನ್ನೊನೈಟ್ ಸೆಂಟ್ರಲ್ ಕಮಿಟಿ ಎಂಬ ಸೇವಾ ಸಂಸ್ಥೆ 1920ರಲ್ಲಿ ಶುರುವಾಯಿತು. ಆಗ ಉಕ್ರೇನ್ ಕಡೆ ಬರ ಬಿದ್ದು ಜನ ಹಸಿವಿನಿಂದ ಸಾಯುತ್ತಿದ್ದರು. ಇವತ್ತೂ ಈ ಸಂಸ್ಥೆಗಾಗಿ ಊರೂರಿನ ಮೆನ್ನೊನೈಟರು ಸೇರಿ ದಪ್ಪ ಹೊದಿಕೆಗಳನ್ನು ಮಾಡುತ್ತಾರೆ. ಇವಕ್ಕೆ ನಯವಾದ ಹೊಲಿಗೆ ಇಲ್ಲ. ಅಲ್ಲಲ್ಲಿ ದಪ್ಪ ದಾರ ಚುಚ್ಚಿ ಗಂಟು ಹಾಕುತ್ತಾರೆ, ಬೇಗ ಮುಗಿಯುತ್ತದೆ. ಹೊಲಿಗೆ ಬಾರದ ಗಂಡಸರೂ ಮಕ್ಕಳೂ ಗಂಟು ಹಾಕಬಹುದು. ಸಂಸ್ಥೆಗೆ ನೂರು ತುಂಬಿದ 2020ರ ಜನವರಿಯಲ್ಲಿ ಒಂದೇ ದಿನಕ್ಕೆಂದು ಎಲ್ಲ ಕಡೆ ಸೇರಿ ಸಾವಿರಾರು ಹೊದಿಕೆ ಕಟ್ಟಿದರು. ಸಿರಿಯಾ, ಜೋರ್ಡಾನ್, ಉಕ್ರೇನಿನ ನಿರಾಶ್ರಿತರಿಗೆ ಇಂಥವು ಹೋಗಿವೆ.

ನೀವೇನಾದರೂ ಆ ಕಡೆ ಹೋಗುವವರಿದ್ದರೆ, ಅಂಗಡಿಗಿಂತ 'ಮಡ್ ಸೇಲ್' ನೋಡಿ. ಊರಿನ ಬೆಂಕಿ ಆರಿಸುವ ದಳಕ್ಕೆ ದುಡ್ಡು ಕೂಡಿಸಲು ನಡೆಯುವ ಹರಾಜು ಅದು. ಆ ದಳಗಳಲ್ಲಿ ಆಮಿಶ್ ಹುಡುಗರೂ ಸ್ವಯಂಸೇವಕರಾಗಿ ಇರುತ್ತಾರೆ. ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ಹಿಮ ಕರಗಿ ಮೈದಾನ ಕೆಸರು ಗದ್ದೆಯಾಗಿರುತ್ತದೆ, ಹೆಸರು ಬಂದದ್ದೇ ಅದರಿಂದ. ನೇಗಿಲು, ಕುದುರೆ, ಗಾಡಿ, ಮೇಜು ಕುರ್ಚಿ, ಕೌದಿ ಎಲ್ಲ ಹರಾಜಾಗುತ್ತವೆ. ಕೌದಿ ಇಷ್ಟವಾದರೆ ಮೊದಲು ಹಿಂಬದಿ ತಿರುಗಿಸಿ ನೋಡಿ. ಮಿಶಿನ್ ಹೊಲಿಗೆ ಎಡೆಬಿಡದ ಗೆರೆಯಾಗಿ ಓಡುತ್ತದೆ. ಕೈಹೊಲಿಗೆಯಲ್ಲಿ ಒಂದು ಹೊಲಿಗೆ, ಒಂದು ಖಾಲಿ ಜಾಗ, ಮತ್ತೆ ಒಂದು ಹೊಲಿಗೆ. ಜನರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ, ಅವರಿಗೆ ಹಿಡಿಸುವುದಿಲ್ಲ. ಭಾನುವಾರ ಆಮಿಶರ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಕಾಲಿಗೆ ಮಾತ್ರ ರಬ್ಬರ್ ಬೂಟು ಇರಲಿ.

ನಮಸ್ಕಾರ.