ಏಪ್ರಿಲ್ 10ರೊಳಗೆ: ಪ್ರಾಥಮಿಕ ಶಾಲೆಯ ಅಂಗಳದಲ್ಲಿ ವಸಂತ

ಕೇಳುಗರಿಗೆಲ್ಲ ನಮಸ್ಕಾರ.

ಹೊಂಗೆಯ ಎಲೆ ಉದುರಿ ಶಾಲೆಯ ಅಂಗಳ ತುಂಬುವ ದಿನಗಳು ಬಂದಿವೆ. ಬೆಳಗ್ಗೆ ಗುಡಿಸಿದರೆ ಪ್ರಾರ್ಥನೆಯ ಗಂಟೆ ಹೊಡೆಯುವಷ್ಟರಲ್ಲಿ ಮತ್ತಷ್ಟು ಬಿದ್ದಿರುತ್ತದೆ. ನಮ್ಮ ಪ್ರಾಥಮಿಕ ಶಾಲೆಗಳ ವಸಂತ ಬಹಳ ಚಿಕ್ಕದು. ಫೆಬ್ರವರಿ ಕೊನೆಗೆ ಶುರುವಾಗಿ, ಸಾಮಾನ್ಯವಾಗಿ ಏಪ್ರಿಲ್ 10ಕ್ಕೆ ಫಲಿತಾಂಶ ಹೇಳಿ ಮಕ್ಕಳನ್ನು ಮನೆಗೆ ಕಳಿಸುವಲ್ಲಿಗೆ ಮುಗಿದುಹೋಗುತ್ತದೆ. ಹೆಚ್ಚೆಂದರೆ ಆರು ವಾರ. ಅದರ ನಡುವೆ ಎರಡನೆಯ ಸಂಕಲನಾತ್ಮಕ ಪರೀಕ್ಷೆ, ಯುಗಾದಿ, ಬಿಸಿಲ ಜಿಲ್ಲೆಗಳಲ್ಲಿ ಬೆಳಗಿನ ಶಾಲೆ. ಆದ್ದರಿಂದ ಯಾವ ಚಟುವಟಿಕೆ ಚೆಂದ ಎಂದು ನೋಡುವುದಕ್ಕಿಂತ ಯಾವುದು ಏಪ್ರಿಲ್ 10ರೊಳಗೆ ಮುಗಿಯುತ್ತದೆ, ಯಾವುದನ್ನು ರಜೆಯಲ್ಲಿ ಇನ್ನೊಬ್ಬರ ಕೈಗೆ ಒಪ್ಪಿಸಬಹುದು ಎಂದು ನೋಡಿಕೊಂಡು ಕೈಹಾಕುವುದು ಒಳ್ಳೆಯದು. ಮೇಷ್ಟ್ರು, ಮೇಡಂಗಳು, ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಸಮಿತಿಯ ಸದಸ್ಯರು, ತಂದೆತಾಯಿಯರು ಈ ಲೆಕ್ಕವನ್ನು ಇಟ್ಟುಕೊಂಡೇ ಕೇಳಬೇಕು.

ಮೊದಲು ಮಕ್ಕಳ ಸಂತೆ. ಮೆಟ್ರಿಕ್ ಮೇಳ ಎಂದೂ ಕರೆಯುತ್ತಾರೆ. ಒಂದೇ ದಿನದ ಕೆಲಸವಾದ್ದರಿಂದ ಪರೀಕ್ಷೆಗೆ ಮುಂಚೆ, ಫೆಬ್ರವರಿ ಕೊನೆಯಲ್ಲೋ ಮಾರ್ಚ್ ಮೊದಲ ವಾರದಲ್ಲೋ ಇಟ್ಟುಕೊಳ್ಳಿ. ಸಂತೆ ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಒಂದು, ಚಿಲ್ಲರೆ. ಕೊಳ್ಳಲು ಬರುವ ಊರವರೆಲ್ಲ ನೂರರ ನೋಟು ಹಿಡಿದು ಬರುತ್ತಾರೆ. ಹತ್ತು ರೂಪಾಯಿಯ ಸೊಪ್ಪು ಮಾರುವ ಹುಡುಗಿ ತೊಂಬತ್ತು ರೂಪಾಯಿ ಎಲ್ಲಿಂದ ತರಬೇಕು? ಹಿಂದಿನ ದಿನವೇ 1, 2, 5, 10ರ ನಾಣ್ಯಗಳಲ್ಲಿ ಐದುನೂರು ರೂಪಾಯಿ ತಂದಿಟ್ಟು, ಏಳನೇ ತರಗತಿಯ ಇಬ್ಬರನ್ನು ‘ಬ್ಯಾಂಕ್’ ಎಂದು ಕೂರಿಸಿ. ಅವರು ನೋಟು ತೆಗೆದುಕೊಂಡು ಚಿಲ್ಲರೆ ಕೊಟ್ಟು ಬರೆದಿಟ್ಟುಕೊಳ್ಳಲಿ. ಎರಡು, ತಿಂಡಿ. ಪಾನಿಪುರಿ, ಮಂಡಕ್ಕಿ, ಬಜ್ಜಿಯ ಅಂಗಡಿಗಳು ಹೆಚ್ಚಾದರೆ ತರಕಾರಿಯತ್ತ ಯಾರೂ ಸುಳಿಯುವುದಿಲ್ಲ, ತಕ್ಕಡಿ ಹಿಡಿಯುವ ಕೆಲಸವೇ ಇರುವುದಿಲ್ಲ. ಹತ್ತು ಅಂಗಡಿಗೆ ಎರಡು ತಿಂಡಿ ಅಂಗಡಿ ಸಾಕು. ಮೂರನೆಯದು ನಮ್ಮ ತಂದೆತಾಯಿಯರೇ. ಪಕ್ಕದಲ್ಲಿ ನಿಂತು ತಾವೇ ವ್ಯಾಪಾರ ಮಾಡಿಬಿಡುತ್ತಾರೆ. ಅವರನ್ನು ಹಗ್ಗದ ಆಚೆ, ಕೊಳ್ಳುವವರ ಕಡೆ ನಿಲ್ಲಿಸಿ.

ತಕ್ಕಡಿಯ ವಿಚಾರ ಸ್ವಲ್ಪ ನಿಧಾನವಾಗಿ ಹೇಳಬೇಕು. ತೂಗುವ ಮೊದಲು ಎರಡೂ ತಟ್ಟೆ ಖಾಲಿಯಿಟ್ಟು ಮುಳ್ಳು ನಡುವೆ ನಿಲ್ಲುತ್ತದೆಯೇ ಎಂದು ಮಕ್ಕಳೇ ನೋಡಲಿ. ನಿಲ್ಲದಿದ್ದರೆ ಹಗುರವಾದ ತಟ್ಟೆಗೆ ಸಣ್ಣ ಕಲ್ಲೊಂದನ್ನು ಕಟ್ಟಿ ಸರಿಮಾಡಲಿ. 50, 100, 200, 500 ಗ್ರಾಂ ಮತ್ತು ಒಂದು ಕಿಲೋ ತೂಕಗಳಿದ್ದರೆ ಬೇಕಾದ ಲೆಕ್ಕವೆಲ್ಲ ಕೂಡಿ ಬರುತ್ತದೆ. 750 ಗ್ರಾಂ ಕೇಳಿದಾಗ ಮಗು 500, 200, 50 ಎಂದು ಒಂದೊಂದಾಗಿ ಇಡುವುದನ್ನು ನೋಡಿದರೆ ಸಾಕು, ಸಂಕಲನ ಬಂದಿದೆಯೋ ಇಲ್ಲವೋ ತಿಳಿಯುತ್ತದೆ. ಹೂವಿನ ಅಂಗಡಿಯಲ್ಲಿ ಇನ್ನೊಂದು ತಮಾಷೆ ನಡೆಯುತ್ತದೆ. ಮಗು ತನ್ನ ಮೊಳದಲ್ಲಿ ಮಲ್ಲಿಗೆ ಅಳೆದು ಕೊಡುತ್ತದೆ, ಕೊಂಡವರು ತಮ್ಮ ಮೊಳ ಹಾಕಿ ನೋಡಿ ಕಡಿಮೆ ಬಂತೆಂದು ಜಗಳಕ್ಕೆ ನಿಲ್ಲುತ್ತಾರೆ. ಆ ಜಗಳವನ್ನು ಬಿಡಿಸಬೇಡಿ, ಟೇಪು ಕೊಡಿ. ದೊಡ್ಡವರ ಮೊಳ ಸುಮಾರು 45 ಸೆಂಟಿಮೀಟರ್, ನಾಲ್ಕನೇ ತರಗತಿಯವರದ್ದು ಅದಕ್ಕಿಂತ ಬಹಳ ಗಿಡ್ಡ. ಎಲ್ಲರಿಗೂ ಒಂದೇ ಅಳತೆ ಯಾಕೆ ಬೇಕು ಎಂಬ ಪಾಠ ಅಲ್ಲಿಗೆ ಆಯಿತು.

ಸಂತೆ ಮುಗಿದ ಮೇಲೆ ಅರ್ಧ ಗಂಟೆ ಲೆಕ್ಕಕ್ಕೆ ಮೀಸಲಿಡಿ. ಅಸಲು ಎಷ್ಟು, ಮಾರಿದ್ದು ಎಷ್ಟಕ್ಕೆ, ಉಳಿದ ಮಾಲಿನ ಬೆಲೆ ಎಷ್ಟು. ಬಹಳ ಮಕ್ಕಳು ಕೈಗೆ ಬಂದ ದುಡ್ಡನ್ನೆಲ್ಲ ಲಾಭ ಎಂದು ಬರೆಯುತ್ತಾರೆ. ಮನೆಯ ಹಿತ್ತಲಿನಿಂದ ತಂದ ನುಗ್ಗೆಕಾಯಿಗೆ ಅಸಲು ಸೊನ್ನೆಯೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಗೆ ಇನ್ನೊಂದು ಪೀರಿಯಡ್ ಕೊಟ್ಟರೂ ನಷ್ಟವಿಲ್ಲ.

ಈಗ ನೆರಳಿನ ಕಡೆ ಬರೋಣ. ಇದಕ್ಕೆ ಕಾಸಿನ ಖರ್ಚಿಲ್ಲ. ಮಾರ್ಚ್ 20 ಅಥವಾ 21ಕ್ಕೆ ಹಗಲು ರಾತ್ರಿ ಸಮವಾಗುತ್ತವೆ. ಆ ದಿನ ಸೂರ್ಯ ಸರಿಯಾಗಿ ಪೂರ್ವದಲ್ಲಿ ಹುಟ್ಟುತ್ತಾನೆ. ಒಂದು ಮೀಟರ್ ಎತ್ತರದ ನೆಟ್ಟಗಿನ ಕೋಲೊಂದನ್ನು ಅಂಗಳದ ಸಮತಟ್ಟಾದ ಜಾಗದಲ್ಲಿ ನೆಡಿ. ನೆಟ್ಟ ಮೇಲೆ ಒಂದು ಮೀಟರ್ ಇರಬೇಕು. ನೆಲದೊಳಗೆ ಹೋದ ಭಾಗವನ್ನು ಸೇರಿಸಿ ಅಳೆಯುವುದು ಎಲ್ಲರೂ ಮಾಡುವ ತಪ್ಪು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಎರಡು ಬದಿಯಿಂದ ನೋಡಿದರೆ ಕೋಲು ವಾಲಿದೆಯೋ ಇಲ್ಲವೋ ಗೊತ್ತಾಗುತ್ತದೆ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಅರ್ಧ ಗಂಟೆಗೊಮ್ಮೆ ನೆರಳಿನ ತುದಿಗೆ ಒಂದು ಬೆಣಚುಕಲ್ಲು ಇಡಿಸಿ. ಬೇರೆ ದಿನಗಳಲ್ಲಿ ಈ ಕಲ್ಲುಗಳ ಸಾಲು ಬಾಗುತ್ತದೆ, ಅಂದು ಮಾತ್ರ ನೇರ ಗೆರೆ. ಆ ಗೆರೆಯೇ ಪೂರ್ವ ಪಶ್ಚಿಮ. ಪರೀಕ್ಷೆಯ ದಿನವಾದರೂ ಚಿಂತೆಯಿಲ್ಲ, ಒಂದು ಕಲ್ಲು ಇಡಲು ಒಂದು ನಿಮಿಷ ಸಾಕು.

ಅಂದಿನ ಅತಿ ಗಿಡ್ಡ ನೆರಳು ಬೆಂಗಳೂರಿನಲ್ಲಿ ಸುಮಾರು 23 ಸೆಂಟಿಮೀಟರ್, ಕಲಬುರಗಿಯಲ್ಲಿ ಸುಮಾರು 31. ಅದು ಗಡಿಯಾರದ ಹನ್ನೆರಡಕ್ಕೆ ಬರುವುದಿಲ್ಲ. ನಮ್ಮ ಗಡಿಯಾರ ನಡೆಯುವುದು ಪೂರ್ವಕ್ಕಿರುವ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ. ಬೆಂಗಳೂರಿನಲ್ಲಿ ಆ ದಿನ ಸೂರ್ಯ ನೆತ್ತಿಯ ರೇಖೆಗೆ ಬರುವುದು 12 ಗಂಟೆ 27 ನಿಮಿಷದ ಹೊತ್ತಿಗೆ, ಮಂಗಳೂರಿನಲ್ಲಿ 12:38ಕ್ಕೆ. ಹನ್ನೆರಡಕ್ಕೇ ಅಳೆದು ‘ಪುಸ್ತಕದ ಉತ್ತರ ಬರಲಿಲ್ಲ’ ಎನ್ನುವವರು ಬಹಳ. ನೆರಳಿನ ತುದಿ ಸುಮಾರು ಒಂದು ಸೆಂಟಿಮೀಟರಿನಷ್ಟು ಮಬ್ಬಾಗಿಯೂ ಕಾಣುತ್ತದೆ. ಸೂರ್ಯ ಚುಕ್ಕಿಯಲ್ಲವಲ್ಲ, ಆಕಾಶದಲ್ಲಿ ಅವನೊಂದು ತಟ್ಟೆ. ಮಬ್ಬಿನ ನಡುವಿಗೆ ಗುರುತು ಹಾಕಿಸಿ. ಆಮೇಲೆ ಆರು, ಏಳನೇ ತರಗತಿಯವರು ಕಾಗದದ ಮೇಲೆ 10 ಸೆಂಟಿಮೀಟರ್ ಎತ್ತರದ ಗೆರೆ, ಅದರ ಬುಡಕ್ಕೆ ಲಂಬವಾಗಿ 2.3 ಸೆಂಟಿಮೀಟರಿನ ಗೆರೆ ಎಳೆದು, ತುದಿಗಳನ್ನು ಸೇರಿಸಿ, ಮೇಲಿನ ಕೋನವನ್ನು ಕೋನಮಾಪಕದಿಂದ ಅಳೆಯಲಿ. 13 ಡಿಗ್ರಿ ಬರುತ್ತದೆ. ಅದೇ ಬೆಂಗಳೂರಿನ ಅಕ್ಷಾಂಶ. ಭೂಪಟ ತೆರೆದು ತಾಳೆ ನೋಡುವಾಗ ಮಕ್ಕಳ ಮುಖ ನೋಡಬೇಕು!

ಕೋಲನ್ನು ಕೀಳಬೇಡಿ. ಮಧ್ಯಾಹ್ನದ ನೆರಳು ದಿನಕ್ಕೆ ಹೆಚ್ಚುಕಡಿಮೆ ಮುಕ್ಕಾಲು ಸೆಂಟಿಮೀಟರ್ ಕುಗ್ಗುತ್ತ ಬಂದು, ಏಪ್ರಿಲ್ 10ರ ಹೊತ್ತಿಗೆ ಬೆಂಗಳೂರಿನ ಕಡೆ 9 ಸೆಂಟಿಮೀಟರಿನಷ್ಟಾಗಿರುತ್ತದೆ. ಏಪ್ರಿಲ್ 24ಕ್ಕೆ ಅಲ್ಲಿ ನೆರಳೇ ಇಲ್ಲ. ಉತ್ತರಕ್ಕೆ ಹೋದಂತೆ ಆ ದಿನ ತಡ, ಬೀದರಿನಲ್ಲಿ ಮೇ ಎರಡನೇ ವಾರ. ರಜೆಯಲ್ಲಿ ಮನೆಯಂಗಳದಲ್ಲೇ ಲೋಟ ಬೋರಲು ಹಾಕಿ ನೋಡಿಕೊಳ್ಳಲು ಮಕ್ಕಳಿಗೆ ಹೇಳಿ ಕಳಿಸಿ.

ಹೋಳಿಯ ಬಣ್ಣದ ಬಗ್ಗೆ ಎರಡು ಮಾತು. ಬಯಲುಸೀಮೆಯಲ್ಲಿ ಮುತ್ತುಗ ಈಗ ಎಲೆಯಿಲ್ಲದೆ ಬರೀ ಹೂವಾಗಿ ನಿಂತಿರುತ್ತದೆ. ಉದುರಿದ ಹೂವನ್ನೇ ಆರಿಸಿ ಒಣಗಿಸಿ, ನೂರು ಗ್ರಾಂಗೆ ಎರಡು ಲೀಟರ್ ನೀರಿನಂತೆ ಕುದಿಸಿ ರಾತ್ರಿಯಿಡೀ ಬಿಟ್ಟರೆ ಹಳದಿ ಮಿಶ್ರಿತ ಕಿತ್ತಳೆ ಬಣ್ಣ ಬರುತ್ತದೆ. ಕುದಿಸುವ ಕೆಲಸ ದೊಡ್ಡವರದು. ಓಕುಳಿಗೆ ಅರಿಶಿನದೊಂದಿಗೆ ಸುಣ್ಣ ಬೆರೆಸುವ ರೂಢಿ ಇದೆ. ಕಣ್ಣಿಗೆ ಎರಚುವ ಆಟಕ್ಕೆ ಸುಣ್ಣ ಬೇಡವೇ ಬೇಡ. ಅದೇ ವಿದ್ಯೆಯನ್ನು ಕಾಗದದ ಮೇಲೆ ತೋರಿಸಿ. ಬಿಳಿ ಕಾಗದಕ್ಕೆ ಅರಿಶಿನದ ನೀರು ಬಳಿದು ಒಣಗಿಸಿ, ಕಡ್ಡಿಯಿಂದ ಸಾಬೂನಿನ ನೀರಿನಲ್ಲಿ ಹೆಸರು ಬರೆದರೆ ಅಕ್ಷರ ಕೆಂಪಗೆ ಮೂಡುತ್ತದೆ. ಮೇಲೆ ನಿಂಬೆರಸ ಸವರಿದರೆ ಮತ್ತೆ ಹಳದಿ.

ಇನ್ನು ಬೀಜ. ಇಲ್ಲಿ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಬೇಕು. ಮಾರ್ಚಿನಲ್ಲಿ ಬೀಜದುಂಡೆ ಮಾಡಿ ಗುಡ್ಡಕ್ಕೆ ಎಸೆದು ಫೋಟೋ ತೆಗೆಸಿಕೊಳ್ಳುವುದು ಹಲವೆಡೆ ನಡೆಯುತ್ತದೆ. ಬಿರುಬಿಸಿಲಿನಲ್ಲಿ ಆ ಉಂಡೆ ಇರುವೆ, ಗೆದ್ದಲು, ಇಲಿಗಳ ಪಾಲು. ಅಶ್ವಿನಿ, ಭರಣಿ ಮಳೆ ಒಂದು ಹದ ಬಿದ್ದರೆ ಇನ್ನೂ ಕಷ್ಟ. ಮೊಳಕೆ ಬಂದು, ಮುಂದಿನ ಮಳೆಯವರೆಗೆ ಬದುಕಲಾರದೆ ಒಣಗುತ್ತದೆ. ಉಂಡೆ ಕಟ್ಟುವುದಿದ್ದರೆ ಶಾಲೆ ತೆರೆದ ಮೇಲೆ, ರೋಹಿಣಿ ಮೃಗಶಿರೆಯ ಹೊತ್ತಿಗೆ ಕಟ್ಟಿ. ಈಗ ಮಾಡಬೇಕಾದ್ದು ಸಂಗ್ರಹ ಮಾತ್ರ. ಹೊಂಗೆಯ ಕಾಯಿ ಪೂರ್ತಿ ಕಂದಾಗಿ ಉದುರುತ್ತಿದೆ. ಹಸಿರು ಛಾಯೆ ಇರುವುದನ್ನು ಬಿಟ್ಟು ಆರಿಸಿ, ಸಿಪ್ಪೆ ಒಡೆದು, ತೂತು ಬಿದ್ದ ಬೀಜ ತೆಗೆದು ಹಾಕಿ, ನೆರಳಿನಲ್ಲಿ ಒಣಗಿಸಿ, ಬಟ್ಟೆ ಚೀಲದಲ್ಲಿ ಕಟ್ಟಿ ತೂಗುಹಾಕಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಟ್ಟರೆ ಬೆವರಿ ಬೂಷ್ಟು ಹಿಡಿಯುತ್ತದೆ. ಜೂನ್‌ವರೆಗೆ ಹೊಂಗೆ ಚೆನ್ನಾಗಿಯೇ ಇರುತ್ತದೆ. ಹುಣಸೆ ಬೀಜವೂ ಹಾಗೆಯೇ; ಊರಲ್ಲಿ ಹುಣಸೆ ಕುಟ್ಟುವ ಮನೆಗಳಿಗೆ ಮಕ್ಕಳನ್ನು ಕಳಿಸಿದರೆ ಚೀಲಗಟ್ಟಲೆ ಸಿಗುತ್ತದೆ. ಬೇವಿನ ಬೀಜ ಮಾತ್ರ ಈಗ ಕೇಳಬೇಡಿ. ಯುಗಾದಿಗೆ ಬೇವು ಹೂವಾಗಿರುತ್ತದೆ, ಹಣ್ಣಾಗುವುದು ಮುಂಗಾರಿನ ಹೊತ್ತಿಗೆ, ಅದರ ಬೀಜದ ಜೀವ ಎರಡು ಮೂರು ವಾರವಷ್ಟೇ. ಹಿಂದಿನ ವರ್ಷದ ಬೇವಿನ ಬೀಜ ತುಂಬಿದ ನೂರಾರು ಚೀಲಗಳಲ್ಲಿ ಒಂದೂ ಮೊಳೆಯದಿದ್ದರೆ ಮಣ್ಣಿನ ಮೇಲೆ ತಪ್ಪು ಹೊರಿಸಬಾರದು.

ಉದುರಿದ ಎಲೆಗೆ ದಯವಿಟ್ಟು ಬೆಂಕಿ ಇಡಬೇಡಿ. ಮೂರಡಿ ಉದ್ದಗಲ, ಮೂರಡಿ ಆಳದ ಗುಂಡಿ ಸಾಕು. ಒಂದು ಗೇಣು ಒಣ ಎಲೆ, ಅದರ ಮೇಲೆ ಬಿಸಿಯೂಟದ ಮನೆಯ ತರಕಾರಿ ಸಿಪ್ಪೆ, ಒಂದು ಬಕೆಟ್ ಸಗಣಿ ನೀರು, ಒಂದು ಹಿಡಿ ಮಣ್ಣು. ಹೀಗೆ ಪದರ ಪದರವಾಗಿ. ಬರೀ ಒಣ ಎಲೆ ತುಂಬಿದರೆ ವರ್ಷವಾದರೂ ಕೊಳೆಯುವುದಿಲ್ಲ. ಉಳಿದ ಅನ್ನ ಸಾರು ಹಾಕಿದರೆ ಹೆಗ್ಗಣ ಬರುತ್ತದೆ.

ಹಕ್ಕಿಗೆ ನೀರಿಡುವುದು ಎಲ್ಲರಿಗೂ ಗೊತ್ತು. ಅಗಲವಾದ ಮಣ್ಣಿನ ತಟ್ಟೆ, ಎರಡು ಬೆರಳಿನಷ್ಟು ನೀರು, ನಡುವೆ ಕೂರಲು ಒಂದು ಕಲ್ಲು, ನೆರಳು, ಬೆಕ್ಕಿಗೆ ಎಟುಕದ ಜಾಗ. ದಿನವೂ ನೀರು ಚೆಲ್ಲಿ ಉಜ್ಜಿ ತುಂಬಬೇಕು. ವಾರ ಬಿಟ್ಟರೆ ಅದೇ ಸೊಳ್ಳೆಯ ತೊಟ್ಟಿಲು. ರಜೆಯಲ್ಲಿ ನೋಡುವವರಿಲ್ಲದಿದ್ದರೆ ತಟ್ಟೆಗಳನ್ನು ಮಕ್ಕಳ ಕೈಯಲ್ಲೇ ಮನೆಗೆ ಕಳಿಸಿಬಿಡಿ.

ಕೊನೆಗೆ, ಕಳೆದ ಜೂನ್‌ನಲ್ಲಿ ನೆಟ್ಟ ಗಿಡಗಳು. ಮೊದಲ ಬೇಸಿಗೆ ದಾಟಿದ ಗಿಡ ಬಹುಮಟ್ಟಿಗೆ ಉಳಿದಂತೆ. ದಿನಕ್ಕೊಂದು ಚೊಂಬು ನೀರು ಹಾಕುವುದಕ್ಕಿಂತ ವಾರಕ್ಕೆರಡು ಸಲ ಹತ್ತು ಲೀಟರ್ ಕೊಡುವುದು ಮೇಲು. ಚೊಂಬಿನ ನೀರು ಮೇಲ್ಮಣ್ಣನ್ನಷ್ಟೇ ತೋಯಿಸಿ ಬೇರನ್ನು ಮೇಲಕ್ಕೆಳೆಯುತ್ತದೆ. ಪಾತಿಗೆ ಒಣ ಎಲೆಯ ಹೊದಿಕೆ ಹಾಕಿ, ಕಾಂಡದಿಂದ ನಾಲ್ಕು ಬೆರಳು ಬಿಟ್ಟು. ತಾಗಿಸಿದರೆ ಗೆದ್ದಲಿಗೆ ಏಣಿ ಇಟ್ಟಂತೆ. ಐದಾರು ಲೀಟರಿನ ಹಳೆಯ ಗಡಿಗೆ ಸಿಕ್ಕರೆ ತಳಕ್ಕೆ ಸಣ್ಣ ತೂತು ಕೊರೆದು, ಹತ್ತಿಯ ಬತ್ತಿ ತೂರಿಸಿ, ಬುಡದಿಂದ ಒಂದಡಿ ದೂರದಲ್ಲಿ ಕತ್ತಿನವರೆಗೆ ಹೂಳಿ. ಬಾಯಿಗೆ ಹಂಚಿನ ಚೂರು ಮುಚ್ಚಿ, ಇಲ್ಲದಿದ್ದರೆ ಸೊಳ್ಳೆ, ಓತಿಕೇತ.

ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ ಎಂದಿಟ್ಟುಕೊಂಡರೆ 48 ದಿನ. ವಾರಕ್ಕೆರಡು ಸಲದಂತೆ ಹದಿನಾಲ್ಕು ಸರದಿ. ಇಪ್ಪತ್ತು ಗಿಡಗಳಿದ್ದರೆ ಸರದಿಗೆ ಇನ್ನೂರು ಲೀಟರ್. ನಾಲ್ಕು ಮಕ್ಕಳು, ಒಬ್ಬ ದೊಡ್ಡವರು ಬೆಳಗ್ಗೆ ಏಳಕ್ಕೆ ಬಂದರೆ ಒಂದು ಗಂಟೆಯ ಕೆಲಸ. ಶಾಲೆಯ ಪಕ್ಕದ ಮನೆಗಳ ಮಕ್ಕಳನ್ನೇ ಆರಿಸಿ, ಅಜ್ಜಿ ಮನೆಗೆ ಹೋಗುವವರು ಯಾರು, ಯಾವ ವಾರ ಎಂದು ಮೊದಲೇ ಕೇಳಿ, ಪಟ್ಟಿಯನ್ನು ಬಾಗಿಲಿಗೆ ಅಂಟಿಸಿ. ಪಟ್ಟಿ ಸಿದ್ಧ, ಕೊಡ ಸಿದ್ಧ, ಮಕ್ಕಳೂ ಬಂದರು, ಆದರೆ ಗೇಟಿಗೆ ಬೀಗ. ನಲ್ಲಿಯ ಮೋಟರಿನ ಕೋಣೆಯ ಬೀಗದ ಕೈ ಮುಖ್ಯ ಶಿಕ್ಷಕರ ಜೊತೆ ಅವರ ಊರಿಗೆ ಹೋಗಿದೆ. ಬಹಳಷ್ಟು ಗಿಡ ಒಣಗುವುದು ಹೀಗೆಯೇ. ಫಲಿತಾಂಶದ ದಿನ ತಂದೆತಾಯಿಯರೆಲ್ಲ ಅಂಗಳದಲ್ಲಿ ಸೇರಿದಾಗಲೇ ಬೀಗದ ಕೈಯ ಎರಡನೇ ಗೊಂಚಲನ್ನು ಎಸ್‌ಡಿಎಂಸಿ ಅಧ್ಯಕ್ಷರಿಗೋ ಬಿಸಿಯೂಟದ ಅಕ್ಕನಿಗೋ ಎಲ್ಲರೆದುರು ಕೊಟ್ಟು, ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳಿ.

ನಮಸ್ಕಾರ.