ಟೇಲ್ಸ್ ಆಫ್ ದ ಕಾಕ್‌ಟೇಲ್: ನ್ಯೂ ಆರ್ಲಿಯನ್ಸ್‌ನಲ್ಲಿ ಬಾರ್ ಕೆಲಸದವರ ಜೊತೆ

ನಮಸ್ಕಾರ ಎಲ್ಲರಿಗೂ. ಈಗ ನೀವು ನೋಡುತ್ತಿರುವುದು ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಕೆನಾಲ್ ಸ್ಟ್ರೀಟ್. ಜುಲೈ ತಿಂಗಳು. ಬೆಳಗ್ಗೆಯೇ ಅಂಗಿ ಬೆನ್ನಿಗೆ ಅಂಟಿಕೊಂಡಿದೆ. ಮಂಗಳೂರಿನ ಮೇ ತಿಂಗಳ ಸೆಕೆ ಕಂಡವರಿಗೆ ಜಾಸ್ತಿ ಹೇಳಬೇಕಾಗಿಲ್ಲ. ರಸ್ತೆ ಮಧ್ಯೆ ಆ ಕೆಂಪು ಟ್ರಾಮ್ ಹೋಗುತ್ತಿದೆ ನೋಡಿ, ಅದರಿಂದ ಇಳಿಯುತ್ತಿರುವವರಲ್ಲಿ ಅರ್ಧ ಜನರ ಕೊರಳಲ್ಲಿ ಗುರುತಿನ ಚೀಟಿ ಇದೆ. ಎಲ್ಲರೂ ಬಾರ್ ಕೆಲಸದವರು.

ನಾನು ಬೆಂಗಳೂರಿನಲ್ಲಿ ಬಾರ್‌ಟೆಂಡರ್. ಟೇಲ್ಸ್ ಆಫ್ ದ ಕಾಕ್‌ಟೇಲ್ ಸಮ್ಮೇಳನದ ಹೆಸರು ಕೆಲಸಕ್ಕೆ ಸೇರಿದಾಗಿನಿಂದ ಕೇಳುತ್ತಲೇ ಇದ್ದೆ. 2002ರಲ್ಲಿ ಆನ್ ಟ್ಯುನರ್ಮನ್ ಅವರು ಇಲ್ಲಿನ ಹಳೇ ಬಾರುಗಳನ್ನು ನಡೆದುಕೊಂಡೇ ತೋರಿಸುವ ಒಂದು ಟೂರ್ ಶುರು ಮಾಡಿದರು. ಅದು ಬೆಳೆದು ಬೆಳೆದು ಇಷ್ಟು ದೊಡ್ಡ ಸಮ್ಮೇಳನವಾಯಿತು. ಈಗ ಪಾಠಗಳು, ರುಚಿ ನೋಡುವ ಕೋಣೆಗಳು, ಪ್ರಶಸ್ತಿ ಸಮಾರಂಭ ಎಲ್ಲವೂ ಇವೆ. ಹೆಚ್ಚಿನ ಕಾರ್ಯಕ್ರಮಗಳು ನಡೆಯುವುದು ಇದೇ ರಸ್ತೆಯ ರಿಟ್ಜ್ ಕಾರ್ಲ್‌ಟನ್ ಹೋಟೆಲಿನಲ್ಲಿ.

ಹೊರಗಿನಿಂದ ನೋಡಿದವರಿಗೆ ಇದೊಂದು ದೊಡ್ಡ ಪಾರ್ಟಿ ಅನ್ನಿಸುತ್ತದೆ. ಸಂಜೆಯಾದ ಮೇಲೆ ಪಾರ್ಟಿಗಳೂ ಇವೆ, ಸುಳ್ಳು ಹೇಳುವುದಿಲ್ಲ. ಆದರೆ ನಾನು ಬಂದದ್ದು ಬೆಳಗಿನ ಹೊತ್ತಿಗಾಗಿ. ಅದರಲ್ಲೂ ಈ ಅಡುಗೆ ಕೋಣೆಗಾಗಿ.

ಇಲ್ಲಿ ಕ್ಯಾಮೆರಾ ಸ್ವಲ್ಪ ನಿಲ್ಲಿಸಿದ್ದೇನೆ, ಗಮನ ಇಟ್ಟು ನೋಡಿ. ಇವರೆಲ್ಲ ಅಪ್ರೆಂಟಿಸ್‌ಗಳು. ಬೇರೆ ಬೇರೆ ದೇಶಗಳ ಬಾರ್‌ಟೆಂಡರ್‌ಗಳು ಅರ್ಜಿ ಹಾಕಿ ಆಯ್ಕೆಯಾಗಿ ಬರುತ್ತಾರೆ. ಪ್ರತಿ ಪಾಠದಲ್ಲೂ ಕೂತವರ ಮುಂದೆ ಪುಟ್ಟ ಲೋಟಗಳಲ್ಲಿ ಕಾಕ್‌ಟೇಲ್ ಬರುತ್ತದೆಯಲ್ವಾ, ಅದನ್ನೆಲ್ಲ ಮಾಡುವವರು ಇವರೇ. ಕ್ರೇಟುಗಟ್ಟಲೆ ನಿಂಬೆಹಣ್ಣು. ನಿಂಬೆರಸ ಕೆಲವೇ ಗಂಟೆಗಳಲ್ಲಿ ತಾಜಾತನ ಕಳೆದುಕೊಳ್ಳುತ್ತದೆ, ಹಾಗಾಗಿ ಹಿಂದಿನ ದಿನವೇ ಹಿಂಡಿ ಇಡುವ ಹಾಗಿಲ್ಲ. ಹಸಿರು ಏಪ್ರನ್ ಹಾಕಿದ ಆ ಹುಡುಗಿಯನ್ನು ನೋಡಿ. ಸ್ಟ್ರಾ ಒಂದನ್ನು ಪಾತ್ರೆಯಲ್ಲಿ ಅದ್ದಿ, ಮೇಲಿನ ತುದಿಯನ್ನು ಬೆರಳಿನಿಂದ ಮುಚ್ಚಿ ಎತ್ತುತ್ತಾಳೆ. ಎರಡು ಹನಿ ನಾಲಿಗೆ ಮೇಲೆ ಬಿಟ್ಟುಕೊಳ್ಳುತ್ತಾಳೆ. ತಲೆ ಆಡಿಸಿದಳು, ಹುಳಿ ಸಾಲದು. ಆ ಸ್ಟ್ರಾ ಬುಟ್ಟಿಗೆ ಹೋಯಿತು, ಮತ್ತೆ ಹೊಸದು.

ಈಗ ಅವಳು ಸುರಿಯುತ್ತಿರುವುದು ಬರೀ ನೀರು. ಯಾಕೆ ಗೊತ್ತಾ? ಬಾರಿನಲ್ಲಿ ಒಂದು ಗ್ಲಾಸ್ ಮಾಡುವಾಗ ಐಸ್ ಹಾಕಿ ಕಲಕುತ್ತೇವೆ. ತಣ್ಣಗಾಗುತ್ತಾ ಆಗುತ್ತಾ ಒಂದಿಷ್ಟು ಐಸ್ ಕರಗಿ ಮದ್ಯದ ಖಾರ ಇಳಿಯುತ್ತದೆ. ಆ ನೀರಿಲ್ಲದಿದ್ದರೆ ಕಾಕ್‌ಟೇಲ್ ಗಂಟಲು ಸುಡುತ್ತದೆ. ನೂರಾರು ಜನಕ್ಕೆ ಒಟ್ಟಿಗೆ ಮಾಡಿಟ್ಟು ಫ್ರಿಜ್‌ನಲ್ಲಿ ತಣ್ಣಗೆ ಮಾಡುವಾಗ ಐಸ್ ಕರಗುವ ಪ್ರಶ್ನೆಯೇ ಇಲ್ಲ. ಹಾಗಾಗಿ ಎಷ್ಟು ನೀರು ಸೇರುತ್ತಿತ್ತೋ ಅಷ್ಟನ್ನು ಲೆಕ್ಕ ಹಾಕಿ ಮೊದಲೇ ಬೆರೆಸಬೇಕು. ನಮ್ಮ ಬಾರಿನಲ್ಲಿ ಹೊಸದಾಗಿ ಸೇರುವ ಹುಡುಗರಿಗೆ ನೀರನ್ನೂ ಅಳೆಯಬೇಕು ಅಂದರೆ ಆಶ್ಚರ್ಯವಾಗುತ್ತದೆ. ಅವರಿಗೆ ತೋರಿಸಲೆಂದೇ ಈ ಭಾಗವನ್ನು ಇಷ್ಟು ಉದ್ದ ಚಿತ್ರೀಕರಿಸಿದೆ.

ನಮ್ಮ ಮನೆಯಲ್ಲಿ ಯಾರಾದರೂ ಕೇಳಿದರೆ ಅಮ್ಮ ಇವತ್ತಿಗೂ "ಮಗಳು ಹೋಟೆಲ್ ಲೈನಲ್ಲಿದ್ದಾಳೆ" ಅಂತಲೇ ಹೇಳುತ್ತಾರೆ. ಅಮ್ಮನ ಮೇಲೆ ನನಗೆ ಬೇಸರವಿಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ಅವರು ಹತ್ತಿರದಿಂದ ನೋಡಿದ್ದಾರೆ. ಆದರೆ ಅಮ್ಮ ಈ ವಿಡಿಯೋ ನೋಡುತ್ತಾರೆ ಅಂತ ಗೊತ್ತು. ಅಮ್ಮಾ, ನನ್ನ ಕೆಲಸ ಹೀಗಿರುತ್ತದೆ. ಅಳತೆ, ಶುಚಿ, ನಾಲಿಗೆಯ ನೆನಪು. ಕಲಿಯೋದಕ್ಕೆ ವರ್ಷಗಳು ಬೇಕಾಗುವ ಕಸುಬು.

ಸರಿ, ಈಗ ಮೇಲಿನ ಮಹಡಿ. ನನಗೆ ಎಲ್ಲಕ್ಕಿಂತ ಹಿಡಿಸಿದ ಪಾಠ ಇದು. ವಿಷಯ ಕತ್ತಾಳೆ. ಹೌದು, ನಮ್ಮ ಹೊಲದ ಬದುವಿನಲ್ಲಿ ಬೇಲಿಯಾಗಿ ನಿಂತಿರುತ್ತದಲ್ಲ, ನಾರು ತೆಗೆದು ಹಗ್ಗ ಹೊಸೆಯುತ್ತಾರಲ್ಲ, ಅದೇ ಜಾತಿಯ ಗಿಡ. ಅದರ ಮೂಲ ಅಮೆರಿಕ ಖಂಡ. ಟಕೀಲಾ ಎಂಬ ಮದ್ಯಕ್ಕೆ ಬಳಸಬಹುದಾದ ಕತ್ತಾಳೆ ನೀಲಿ ಕತ್ತಾಳೆ ಒಂದೇ. ಅದೂ ಮೆಕ್ಸಿಕೋದ ಹಲಿಸ್ಕೋ ರಾಜ್ಯ ಮತ್ತು ಗೊತ್ತುಪಡಿಸಿದ ಇನ್ನು ಕೆಲವು ಪ್ರದೇಶಗಳಲ್ಲಿ ಮಾಡಿದರೆ ಮಾತ್ರ ಆ ಹೆಸರು ಹಾಕಬಹುದು. ಗಿಡ ಬಲಿಯಲು ಸಾಮಾನ್ಯವಾಗಿ 6ರಿಂದ 8 ವರ್ಷ ಬೇಕು. ಆಮೇಲೆ ಉದ್ದ ಕೋಲಿನ ತುದಿಗೆ ದುಂಡನೆಯ ಅಲಗಿರುವ ಕೋವಾ ಎಂಬ ಆಯುಧದಿಂದ ಎಲೆಗಳನ್ನೆಲ್ಲ ಸವರುತ್ತಾರೆ. ಒಳಗಿನ ಗಡ್ಡೆಯನ್ನು ಬೇಯಿಸಿ, ಹಿಂಡಿ, ಹುಳಿ ಬರಿಸಿ, ಭಟ್ಟಿ ಇಳಿಸುತ್ತಾರೆ.

ಇಲ್ಲಿ ಒಂದು ತೊಡಕಿದೆ. ಕತ್ತಾಳೆ ಬದುಕಿನಲ್ಲಿ ಒಂದೇ ಸಲ ಹೂ ಬಿಡುತ್ತದೆ, ಬಿಟ್ಟ ಮೇಲೆ ಸಾಯುತ್ತದೆ. ಊರಿನಲ್ಲಿ ಆ ಎತ್ತರದ ಹೂದಂಡ ನೋಡಿದವರಿಗೆ ಗೊತ್ತಿರುತ್ತದೆ. ಹೂ ಬಂದರೆ ಗಡ್ಡೆಯ ಸಕ್ಕರೆಯೆಲ್ಲ ಅದಕ್ಕೇ ಖರ್ಚಾಗುತ್ತದೆ. ಅದಕ್ಕೇ ರೈತರು ಹೂ ಬರುವ ಮೊದಲೇ ಗಿಡ ಕಡಿಯುತ್ತಾರೆ, ಬುಡದಲ್ಲಿ ಬರುವ ಮರಿಗಳನ್ನು ಕಿತ್ತು ನೆಡುತ್ತಾರೆ. ಹೀಗೆ ಮಾಡುತ್ತಾ ಹೊಲದ ತುಂಬ ಒಂದೇ ಗಿಡದ ನಕಲುಗಳಾಗುತ್ತವೆ. ಒಂದಕ್ಕೆ ರೋಗ ತಗುಲಿದರೆ ಎಲ್ಲಕ್ಕೂ ತಗುಲುತ್ತದೆ. ಇನ್ನೊಂದು ಕಡೆ ಹೂವಿನ ಮಕರಂದವನ್ನೇ ನಂಬಿ ರಾತ್ರಿ ಹಾರುವ ಬಾವಲಿಗಳಿಗೆ ಊಟವಿಲ್ಲ. ಪರಾಗಸ್ಪರ್ಶ ಮಾಡುವುದು ಆ ಬಾವಲಿಗಳೇ.

ರೊಡ್ರಿಗೋ ಮೆಡೆಯಿನ್ ಎಂಬ ಮೆಕ್ಸಿಕೋದ ವಿಜ್ಞಾನಿ ಇದರ ಬಗ್ಗೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ಬಾರ್‌ಟೆಂಡರ್‌ಗಳನ್ನೂ ಜೊತೆಗೆ ಸೇರಿಸಿಕೊಂಡು ಒಂದು ಯೋಜನೆ ಬಂತು. ರೈತರು ಹೊಲದಲ್ಲಿ ಶೇ 5ರಷ್ಟು ಗಿಡಗಳನ್ನು ಹೂ ಬಿಡಲು ಬಿಟ್ಟರೆ, ಆ ಟಕೀಲಾ ಬಾಟಲಿಗೆ ಬಾವಲಿಸ್ನೇಹಿ ಎಂಬ ಗುರುತು ಸಿಗುತ್ತದೆ. ಪಾಠ ಮುಗಿದ ಮೇಲೂ ನಾನು ಎದ್ದು ಬರಲಿಲ್ಲ. ಪಕ್ಕದಲ್ಲಿದ್ದ ಮೆಕ್ಸಿಕೋದ ಹುಡುಗನಿಗೆ ನಮ್ಮ ದಖ್ಖನ್ ಕತ್ತಾಳೆಯ ಕಥೆ ಹೇಳಿದೆ. ಡೆಸ್ಮಂಡ್ ನಜರೆತ್ ಎಂಬುವರು ನಮ್ಮ ಕಡೆಯ ಕತ್ತಾಳೆಯಿಂದಲೇ ಭಟ್ಟಿ ಇಳಿಸಿ ಬಾಟಲಿ ಮಾಡಿ ಮಾರಿದ್ದಾರೆ, ಅದಕ್ಕೆ ಟಕೀಲಾ ಎಂಬ ಹೆಸರು ಮಾತ್ರ ಹಾಕುವಂತಿಲ್ಲ ಅಂತ. ಅವನು ನನ್ನ ಫೋನಿನಲ್ಲಿದ್ದ ಚಿತ್ರದುರ್ಗದ ಬೇಲಿಯ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದ.

ರುಚಿ ನೋಡುವ ಕೋಣೆಗಳನ್ನು ಬೇಗ ತೋರಿಸುತ್ತೇನೆ. ಎಲ್ಲ ಮೇಜಿನ ಮೇಲೂ ಉಗುಳುವ ಲೋಟ ಇರುತ್ತದೆ. ದಯವಿಟ್ಟು ಅದನ್ನು ಬಳಸಿ. ಬಾಯಲ್ಲಿಟ್ಟು ರುಚಿ ಗುರುತಿಸಿ, ಉಗುಳಿ, ನೀರು ಕುಡಿದು ಮುಂದೆ ಹೋಗುವುದೇ ಇಲ್ಲಿನ ಶಿಸ್ತು. ಕುಡಿತ ಬಿಟ್ಟ ಬಾರ್‌ಟೆಂಡರ್‌ಗಳಿಗಾಗಿ, ಮನಸ್ಸಿನ ಆರೋಗ್ಯದ ಬಗ್ಗೆ ಮಾತಾಡುವುದಕ್ಕಾಗಿ ಬೇರೆ ಸಭೆಗಳೂ ನಡೆಯುತ್ತವೆ. ನಮ್ಮ ಕೆಲಸದಲ್ಲಿ ಬಾಟಲಿ ಯಾವಾಗಲೂ ಕೈಗೆ ಎಟುಕುತ್ತದೆ, ಹಾಗಾಗಿ ಈ ಮಾತು ಬೆಂಗಳೂರಿನಲ್ಲೂ ಜೋರಾಗಿ ಆಗಬೇಕು.

ವಿಸ್ಕಿ ಮಾಗುವ ಬಗ್ಗೆ ಮಾತು ಬಂದಾಗ ನಾನೇ ಕೈ ಎತ್ತಿ ಬೆಂಗಳೂರಿನ ವಿಷಯ ಹೇಳಿದೆ. ಸ್ಕಾಟ್ಲೆಂಡಿನಲ್ಲಿ ಮರದ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗಿ ಹೋಗುತ್ತದೆ. ನಮ್ಮ ಮೈಸೂರು ರಸ್ತೆಯ ಕಂಬೀಪುರದಲ್ಲಿ, ಅಮೃತ್ ಡಿಸ್ಟಿಲರಿಯಲ್ಲಿ, ಶೇ 10ಕ್ಕಿಂತ ಜಾಸ್ತಿ. ಬಿಸಿಲಿಗೆ ಬೇಗ ಮಾಗುತ್ತದೆ, ಅಷ್ಟೇ ಬೇಗ ಖಾಲಿಯೂ ಆಗುತ್ತದೆ. 2004ರಲ್ಲಿ ಅವರು ತಮ್ಮ ಸಿಂಗಲ್ ಮಾಲ್ಟ್ ಅನ್ನು, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದಲೇ ಮಾಡಿದ ವಿಸ್ಕಿಯನ್ನು, ಮೊದಲು ಬಿಡುಗಡೆ ಮಾಡಿದ್ದೇ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಆ ಧೈರ್ಯ ನೆನೆದರೆ ನನಗೆ ಇವತ್ತಿಗೂ ಹೆಮ್ಮೆ.

ಇದು ರೂಸ್‌ವೆಲ್ಟ್ ಹೋಟೆಲ್, ಒಳಗಿರುವುದು ಸ್ಯಾಝರಾಕ್ ಬಾರ್. ಆ ಮರದ ಕೌಂಟರಿನ ಹೊಳಪು ನೋಡಿ. ಸ್ಯಾಝರಾಕ್ ಈ ಊರಿನದೇ ಕಾಕ್‌ಟೇಲ್, 2008ರಲ್ಲಿ ಲೂಸಿಯಾನ ರಾಜ್ಯದ ಶಾಸನಸಭೆ ಅದನ್ನು ನ್ಯೂ ಆರ್ಲಿಯನ್ಸ್‌ನ ಅಧಿಕೃತ ಕಾಕ್‌ಟೇಲ್ ಮಾಡಿತು. ಇದಕ್ಕೆ ಬೀಳುವ ಕೆಂಪು ಬಿಟರ್ಸ್, ಅಂದರೆ ಹನಿ ಲೆಕ್ಕದಲ್ಲಿ ಹಾಕುವ ಕಹಿ ಗಿಡಮೂಲಿಕೆ ಸಾರ, ಮಾಡಿದ್ದು ಪೇಶೋ ಎಂಬ ಔಷಧಿ ಅಂಗಡಿಯವನು, 19ನೇ ಶತಮಾನದಲ್ಲಿ. ಎರಡು ಗ್ಲಾಸು ಇಟ್ಟುಕೊಂಡಿದ್ದಾರೆ. ಒಂದರಲ್ಲಿ ಐಸ್. ಇನ್ನೊಂದರಲ್ಲಿ ಸಕ್ಕರೆ ಅಚ್ಚಿಗೆ ಬಿಟರ್ಸ್ ಬಿಟ್ಟು ಅರೆದು, ರೈ ಎಂಬ ಧಾನ್ಯದ ವಿಸ್ಕಿ ಸೇರಿಸಿ, ಐಸ್ ಹಾಕಿ ಕಲಕುತ್ತಾರೆ. ಮೊದಲ ಗ್ಲಾಸಿನ ಐಸ್ ಚೆಲ್ಲಿ, ಸೋಂಪಿನ ಘಮದ ಹರ್ಬ್‌ಸೇಂಟ್ ಎಂಬ ಮದ್ಯ ಸ್ವಲ್ಪ ಬಿಟ್ಟು ಒಳಗೆಲ್ಲ ತಿರುಗಿಸಿ ಅದನ್ನೂ ಚೆಲ್ಲುತ್ತಾರೆ. ಉಳಿಯುವುದು ವಾಸನೆ ಮಾತ್ರ. ಅದಕ್ಕೆ ಸೋಸಿ, ನಿಂಬೆ ಸಿಪ್ಪೆ ಹಿಚುಕಿದರೆ ಮುಗಿಯಿತು.

ಈ ಬಾರಿಗೆ ಒಂದು ಕಾಲದಲ್ಲಿ ಹೆಂಗಸರಿಗೆ ಪ್ರವೇಶವಿದ್ದದ್ದು ಮಾರ್ಡಿ ಗ್ರಾ ಹಬ್ಬದ ದಿನ ಮಾತ್ರ. 1949ರ ಸೆಪ್ಟೆಂಬರಿನಲ್ಲಿ ಬಾಗಿಲು ತೆರೆಯಿತು, ಹೆಂಗಸರು ಗುಂಪಾಗಿ ಬಂದು ತುಂಬಿಕೊಂಡರು. ನಮ್ಮ ದೇಶದ ವಿಷಯ ಹೇಳಬೇಕೆಂದರೆ, ದೆಹಲಿಯಲ್ಲಿ ಮದ್ಯ ಕೊಡುವ ಜಾಗದಲ್ಲಿ ಹೆಂಗಸರು ಕೆಲಸ ಮಾಡಬಾರದು ಎಂಬ ಹಳೇ ಕಾನೂನನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2007ರಲ್ಲಿ. ನಾನು ಆಗ ಶಾಲೆಯಲ್ಲಿದ್ದೆ. ಇಲ್ಲಿ ಈ ಕೌಂಟರ್ ಹಿಂದೆ ಆ ಅಕ್ಕ ಕಲಕುವುದನ್ನು ನೋಡುತ್ತಾ ಅದೇ ಯೋಚನೆ ಬರುತ್ತಿತ್ತು.

ಕರ್ನಾಟಕದಲ್ಲಿ ಬಾರ್ ಕೆಲಸ ಮಾಡುವ ಗೆಳೆಯ ಗೆಳತಿಯರಿಗೆ ಒಂದು ಮಾತು. ಸುಮ್ನೆ ಟಿಕೆಟ್ ಕೊಂಡು ಬರುವುದಕ್ಕಿಂತ ಅಪ್ರೆಂಟಿಸ್ ಅರ್ಜಿ ಹಾಕಿ. ಪ್ರತಿ ವರ್ಷ ಕರೆಯುತ್ತಾರೆ. ವೀಸಾ ಸಂದರ್ಶನದ ದಿನಾಂಕ ಸಿಗಲು ತುಂಬಾ ತಡವಾಗಬಹುದು, ಅದನ್ನು ಮೊದಲು ನೋಡಿಕೊಳ್ಳಿ. ಅರ್ಜಿಯಲ್ಲಿ ಏನು ಬರೆಯಬೇಕು ಅಂತ ಇಲ್ಲಿನ ಅಪ್ರೆಂಟಿಸ್‌ಗಳನ್ನೇ ಕೂರಿಸಿ ಕೇಳಿದ್ದೇನೆ, ಅದು ಮುಂದಿನ ವಿಡಿಯೋದಲ್ಲಿ ಬರುತ್ತದೆ.