ಇಳಿಜಾರಿನ ನಿರ್ಧಾರ ಮೇಲೆಯೇ ಆಗಬೇಕು

ಕೇಳುಗರಿಗೆ ನಮಸ್ಕಾರ. ಘಾಟಿ ಇಳಿಯುವ ಚಾಲಕರಿಗೆ ಹೇಳಬೇಕಾದ ಮಾತನ್ನು ಇಂದು ವಿಮಾನದಿಂದ ಶುರುಮಾಡುತ್ತೇನೆ.

ವಿಮಾನ ಇಳಿಸುವವರು ಮನಸ್ಸಿನಲ್ಲೇ ಹಾಕಿಕೊಳ್ಳುವ ಒಂದು ಸರಳ ಲೆಕ್ಕವಿದೆ. ಸಾವಿರ ಅಡಿ ಕೆಳಗಿಳಿಯಲು ಮೂರು ನಾಟಿಕಲ್ ಮೈಲಿ (ಒಂದಕ್ಕೆ ಸುಮಾರು 1.85 ಕಿಲೋಮೀಟರ್) ದೂರ ಬೇಕು. 37,000 ಅಡಿಯಲ್ಲಿ ಹಾರುತ್ತಿದ್ದರೆ 37ನ್ನು ಮೂರರಿಂದ ಗುಣಿಸಿ, 111 ಮೈಲಿ. ನಿಲ್ದಾಣ ಇನ್ನೂ ಅಷ್ಟು ದೂರ ಇರುವಾಗಲೇ ಇಳಿಯತೊಡಗಬೇಕು. ವೇಗ ತಗ್ಗಿಸಲು ಇನ್ನೊಂದು ಹತ್ತು ಮೈಲಿ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಮಂಗಳೂರಿಗೆ ಬರುತ್ತಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ವಿಮಾನ ಇಳಿಯತೊಡಗಿದ್ದು 77 ಮೈಲಿ ಬಾಕಿ ಇರುವಾಗ.

ತಡವಾದದ್ದಕ್ಕೆ ಕಾರಣವಿತ್ತು. ಮಂಗಳೂರಿನ ರೇಡಾರ್ ಎರಡು ದಿನಗಳಿಂದ ಕೆಟ್ಟಿತ್ತು. ವಿಮಾನ ಎಲ್ಲಿದೆ ಎಂದು ಪರದೆಯ ಮೇಲೆ ಕಾಣದ ಕಾರಣ ನಿಯಂತ್ರಣ ಕೊಠಡಿ ಇಳಿಯಲು ಅನುಮತಿ ಕೊಟ್ಟಿದ್ದು ನಿಧಾನವಾಗಿ. ಇಷ್ಟೇ ಆಗಿದ್ದರೆ ಅಪಾಯವೇನೂ ಇರಲಿಲ್ಲ. ಎತ್ತರ ಹೆಚ್ಚಾಗಿದೆ ಎಂದು ಗೊತ್ತಾದರೆ ರೆಕ್ಕೆಯ ಮೇಲಿನ ಸ್ಪೀಡ್ ಬ್ರೇಕ್ ಎಂಬ ಹಲಗೆಗಳನ್ನು ಗಾಳಿಗೆ ಅಡ್ಡ ಎತ್ತಬಹುದು, ಆಕಾಶದಲ್ಲೇ ಒಂದು ಸುತ್ತು ಹಾಕಿ ಎತ್ತರ ಕಳೆದುಕೊಳ್ಳಬಹುದು. ಅಂದು ಸುತ್ತು ಹಾಕಲಿಲ್ಲ. ಮುಂದಿನದೆಲ್ಲ ಅದರ ಬೆನ್ನಿಗೇ ಬಂತು.

ರನ್‌ವೇಗೆ ದಾರಿ ತೋರಿಸುವ ಐಎಲ್‌ಎಸ್ ಎಂಬ ಉಪಕರಣದ ಕಿರಣ ಮೂರು ಡಿಗ್ರಿ ಇಳಿಜಾರಿನಲ್ಲಿರುತ್ತದೆ. ಆದರೆ ಅದೇ ಆಂಟೆನಾದಿಂದ ಅದಕ್ಕಿಂತ ಕಡಿದಾದ ಹುಸಿ ಕಿರಣಗಳೂ ಹೊರಡುತ್ತವೆ. ಅದಕ್ಕೇ ಕಿರಣವನ್ನು ಕೆಳಗಿನಿಂದ ಹಿಡಿಯಬೇಕು, ಮೇಲಿನಿಂದ ಹಿಡಿಯಬಾರದು ಎಂಬ ನಿಯಮ. ಎತ್ತರದಲ್ಲೇ ಬಂದ ಈ ವಿಮಾನ ಹುಸಿ ಕಿರಣವನ್ನು ಹಿಡಿದುಕೊಂಡಿತು. ನಿಲ್ದಾಣ ಎರಡೂವರೆ ಮೈಲಿ ದೂರವಿದ್ದಾಗ ಇರಬೇಕಾದ ಎತ್ತರದ ಸುಮಾರು ಎರಡು ಪಟ್ಟು ಮೇಲಿತ್ತು. ಅಲ್ಲಿ ಕ್ಯಾಪ್ಟನ್ ಆಟೊಪೈಲಟ್ ತೆಗೆದು ಮೂತಿ ತಗ್ಗಿಸಿದರು. ಸಾಮಾನ್ಯವಾಗಿ ನಿಮಿಷಕ್ಕೆ ಏಳುನೂರು, ಏಳುನೂರೈವತ್ತು ಅಡಿ ಇಳಿಯುವ ಜಾಗದಲ್ಲಿ ವಿಮಾನ 4000 ಅಡಿಯ ಹತ್ತಿರದ ದರದಲ್ಲಿ ಇಳಿಯಿತು. ಯಂತ್ರವೇ ‘ಮೇಲೆಳೆ, ಮೇಲೆಳೆ’ ಎಂದು ಕೂಗುತ್ತಿತ್ತು. ಸಹ ಪೈಲಟ್ ‘ಗೋ ಅರೌಂಡ್’ ಎಂದರು, ಅಂದರೆ ಇಳಿಸುವುದು ಬೇಡ, ಮೇಲೇರಿ ಮತ್ತೆ ಬರೋಣ ಎಂದು. ಒಂದಲ್ಲ, ಹಲವು ಸಲ ಎಚ್ಚರಿಸಿದರು.

ರನ್‌ವೇಯ ಅಂಚನ್ನು 50 ಅಡಿ ಎತ್ತರದಲ್ಲಿ, 144 ನಾಟ್ ವೇಗದಲ್ಲಿ (ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ದಾಟಬೇಕಿತ್ತು. ದಾಟಿದ್ದು ಸುಮಾರು 200 ಅಡಿ ಎತ್ತರದಲ್ಲಿ, 160 ನಾಟ್ ಮೀರಿದ ವೇಗದಲ್ಲಿ. ಹದಿನಾರು ನಾಟ್ ಹೆಚ್ಚು ಅಂದರೆ ಏನು ಮಹಾ ಎನಿಸಬಹುದು. ಆದರೆ ಬ್ರೇಕು ನುಂಗಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 144ರ ಬದಲು 160 ಎಂದರೆ ಸುಮಾರು ಶೇಕಡಾ 23ರಷ್ಟು ಹೆಚ್ಚು ಶಕ್ತಿ. 8033 ಅಡಿ ಉದ್ದದ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು 5200 ಅಡಿಯ ಆಸುಪಾಸಿನಲ್ಲಿ. ಉಳಿದದ್ದು 2800 ಅಡಿ.

ಇಷ್ಟಾದ ಮೇಲೂ ವಿಮಾನ ನಿಲ್ಲಬಹುದಿತ್ತು ಎಂದು ತನಿಖಾ ನ್ಯಾಯಾಲಯ ಲೆಕ್ಕ ಹಾಕಿ ಹೇಳಿತು. ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವಿಮಾನ ತಡೆಯುವ ರಿವರ್ಸ್ ಥ್ರಸ್ಟ್ ಮತ್ತು ಪೂರ್ತಿ ಬ್ರೇಕ್ ಬಿಡದೆ ಹಿಡಿದಿದ್ದರೆ ರನ್‌ವೇಯ ಶುರುವಿನಿಂದ 7600 ಅಡಿಯೊಳಗೆ ನಿಲ್ಲುತ್ತಿತ್ತು. ಆದರೆ ರಿವರ್ಸ್ ಹಾಕಿದ ಮೇಲೆ ಕ್ಯಾಪ್ಟನ್ ಮನಸ್ಸು ಬದಲಿಸಿ ಮತ್ತೆ ಮೇಲೇರಲು ಹೋದರು. ರಿವರ್ಸ್ ಹಾಕಿದ ಮೇಲೆ ನಿಲ್ಲಿಸುವುದೊಂದೇ ದಾರಿ. ಇದು ಬೋಯಿಂಗ್ ಬರೆದಿಟ್ಟ ನಿಯಮ. ವಿಮಾನ ರನ್‌ವೇ ಮುಗಿಸಿ, ಮರಳಿನ ಹಾಸು ದಾಟಿ, ಆಂಟೆನಾ ನಿಲ್ಲಿಸಿದ್ದ ಕಟ್ಟಡಕ್ಕೆ ಬಲ ರೆಕ್ಕೆ ಬಡಿದು ಕಮರಿಗೆ ಬಿತ್ತು. 166 ಜನರಲ್ಲಿ ಉಳಿದವರು ಎಂಟು ಮಂದಿ.

ಧ್ವನಿಮುದ್ರಣದಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಹಾರಾಟದ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಗಾಢ ನಿದ್ದೆಯಿಂದ ಎದ್ದವರ ಬುದ್ಧಿ ಹದಿನೈದು ನಿಮಿಷದಿಂದ ಅರ್ಧ ಗಂಟೆಯವರೆಗೆ ಮಂದವಾಗಿರುತ್ತದೆ. ಕಣ್ಣು ತೆರೆದಿರುತ್ತದೆ, ಕೈ ಕೆಲಸ ಮಾಡುತ್ತದೆ, ಆದರೆ ಹಿಡಿದ ಯೋಚನೆಯನ್ನು ಬಿಟ್ಟು ಬೇರೆ ದಾರಿ ಹಿಡಿಯುವ ಶಕ್ತಿ ಕೊನೆಗೆ ಬರುತ್ತದೆ.

ಇಂಥದ್ದನ್ನು ತಡೆಯಲೆಂದೇ ವಿಮಾನಯಾನದಲ್ಲಿ ಗಾಳಿಯಲ್ಲೊಂದು ಗೆರೆ ಎಳೆದಿದ್ದಾರೆ. ಮೋಡ ಕವಿದಿದ್ದರೆ ನೆಲದಿಂದ 1000 ಅಡಿ, ತಿಳಿಯಾಗಿದ್ದರೆ 500 ಅಡಿ. ಆ ಗೆರೆಗೆ ಬರುವಷ್ಟರಲ್ಲಿ ವೇಗ, ದಾರಿ, ಇಳಿಯುವ ದರ, ರೆಕ್ಕೆಯ ಹಿಂಚಿನ ಫ್ಲ್ಯಾಪು, ಚಕ್ರ ಎಲ್ಲವೂ ಸರಿಯಾಗಿರಬೇಕು. ಒಂದು ತಪ್ಪಿದರೂ ಗೋ ಅರೌಂಡ್. ಅದರ ಖರ್ಚು ಹತ್ತು ಹದಿನೈದು ನಿಮಿಷ ಮತ್ತು ಒಂದಿಷ್ಟು ಇಂಧನ. ಹೀಗಿದ್ದೂ 2020ರ ಆಗಸ್ಟ್ 7ರಂದು ಕೋಯಿಕ್ಕೋಡಿನಲ್ಲಿ, ಮಳೆಯಲ್ಲಿ, ಬೆನ್ನಿಗೆ ಗಾಳಿ ಇಟ್ಟುಕೊಂಡು ಬಂದ ವಿಮಾನ ರನ್‌ವೇಯ ಅರ್ಧ ಮುಗಿದ ಮೇಲೆ ನೆಲ ಮುಟ್ಟಿತು. ಅಲ್ಲಿಯೂ ಸಹ ಪೈಲಟ್ ಗೋ ಅರೌಂಡ್ ಎಂದಿದ್ದರು. ಇಬ್ಬರು ಪೈಲಟ್‌ಗಳೂ ಸೇರಿ 21 ಜನ ಹೋದರು. ನೀವು ಕುಳಿತ ವಿಮಾನ ಇನ್ನೇನು ಇಳಿಯಿತು ಎನ್ನುವಾಗ ಗುಡುಗಿ ಮೇಲೇರಿದರೆ ಹೆದರಬೇಡಿ, ಪೈಲಟ್ಟನ್ನು ಬೈಯಬೇಡಿ. ನಿಮಗಾಗಿ ಮಾಡಬೇಕಾದ ಕೆಲಸವನ್ನೇ ಅವರು ಮಾಡಿದ್ದಾರೆ.

ಈಗ ಅದೇ ಮಂಗಳೂರಿಗೆ ನೆಲದ ಮೇಲೆ ಹೋಗುವ ದಾರಿಗೆ ಬರೋಣ. ರಾತ್ರಿ ಹತ್ತು, ಹನ್ನೊಂದಕ್ಕೆ ಬೆಂಗಳೂರು ಬಿಟ್ಟ ಬಸ್ಸು, ಲಾರಿ, ಕಾರುಗಳು ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವುದು ನಸುಕಿನ ಹೊತ್ತಿಗೆ. ದೇಹ ನಿದ್ದೆಗೆ ಎಳೆಯುವುದೂ ಅದೇ ಹೊತ್ತಿನಲ್ಲಿ. ಚಾರ್ಮಾಡಿಯಾದರೂ ಆಗುಂಬೆಯಾದರೂ ಮಾತು ಒಂದೇ. ಇಳಿಜಾರಿನ ನಿರ್ಧಾರ ಇಳಿಜಾರು ಶುರುವಾಗುವ ಮೊದಲೇ ಆಗಬೇಕು, ಮಧ್ಯದಲ್ಲಿ ಅಲ್ಲ.

ಯಾಕೆ ಎನ್ನುವುದಕ್ಕೆ ಒಂದು ಲೆಕ್ಕ ನೋಡಿ. ಹದಿನೆಂಟೂವರೆ ಟನ್ ತೂಗುವ ಆರು ಚಕ್ರದ ಲಾರಿ 700 ಮೀಟರ್ ಎತ್ತರದಿಂದ ಕೆಳಗಿಳಿದರೆ ಹೊರಬರುವ ಶಕ್ತಿ ಸುಮಾರು 400 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಈ ಶಾಖ ಎಲ್ಲಾದರೂ ಹೋಗಲೇಬೇಕು. ಒಂದೋ ಎಂಜಿನ್ ಅದನ್ನು ತಡೆದು ಗಾಳಿಗೆ ಬಿಡಬೇಕು, ಇಲ್ಲವೇ ಬ್ರೇಕ್ ಡ್ರಮ್ಮು ನುಂಗಬೇಕು. ಡ್ರಮ್ಮು ಕಾದರೆ ಹಿಗ್ಗುತ್ತದೆ, ಒಳಗಿನಿಂದ ಅದಕ್ಕೆ ಉಜ್ಜಿ ತಡೆಯುವ ಲೈನರಿನಿಂದ ದೂರ ಸರಿಯುತ್ತದೆ. ಲೈನರು ಅತಿಯಾಗಿ ಕಾದರೆ ಅದರ ಅಂಟು ಕರಗಿ ಹಿಡಿತ ಹೋಗುತ್ತದೆ. ಚಾಲಕ ಇನ್ನಷ್ಟು ಒತ್ತುತ್ತಾನೆ, ಅದು ಇನ್ನಷ್ಟು ಕಾಯುತ್ತದೆ. ‘ಬ್ರೇಕ್ ಫೇಲ್’ ಎಂದು ಮರುದಿನ ಸುದ್ದಿಯಾಗುವ ಅನೇಕ ಪ್ರಕರಣಗಳಲ್ಲಿ ಯಾವ ಭಾಗವೂ ಮುರಿದಿರುವುದಿಲ್ಲ.

ಕಾರಿನಲ್ಲಿ ಆಗುವುದೇ ಬೇರೆ. ಅಲ್ಲಿ ಒತ್ತಡ ಸಾಗಿಸುವುದು ಬ್ರೇಕ್ ಆಯಿಲ್. ಡಬ್ಬಿಯ ಮೇಲೆ ಡಾಟ್ 3, ಡಾಟ್ 4 ಎಂದು ಅದರ ದರ್ಜೆ ಬರೆದಿರುತ್ತದೆ. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ಆದರೆ ಅದು ಗಾಳಿಯಲ್ಲಿನ ತೇವವನ್ನು ಹೀರುತ್ತಾ ಹೋಗುತ್ತದೆ, ತೇವ ಹೀರಿದ ಆಯಿಲ್ 140 ಡಿಗ್ರಿಗೇ ಕುದಿಯಬಹುದು. ಡಾಟ್ 4ರಲ್ಲಿ ಇವು 230 ಮತ್ತು 155. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ಗುಳ್ಳೆಯನ್ನು ಅಮುಕಬಹುದು, ಹಾಗಾಗಿ ಪೆಡಲು ನೆಲ ಮುಟ್ಟಿದರೂ ಚಕ್ರಕ್ಕೆ ಒತ್ತಡ ಹೋಗುವುದಿಲ್ಲ. ನಮ್ಮ ಕರಾವಳಿ, ಮಲೆನಾಡಿನ ತೇವದಲ್ಲಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಲೇಬೇಕು. ಮಟ್ಟ ಸರಿಯಿದೆ ಎಂದು ಸುಮ್ಮನಿರಬೇಡಿ.

ಇಳಿಯುವ ಕ್ರಮ ಹೀಗೆ. ಘಾಟಿಯ ತಲೆಯಲ್ಲಿ, ರಸ್ತೆ ಇನ್ನೂ ಮಟ್ಟವಾಗಿರುವಾಗಲೇ ಗೇರ್ ಇಳಿಸಿ. ಆ ಘಾಟಿ ಹತ್ತಲು ಯಾವ ಗೇರ್ ಬೇಕೋ ಅದೇ ಗೇರ್, ಲೋಡ್ ಇದ್ದರೆ ಅದಕ್ಕಿಂತ ಒಂದು ಕಡಿಮೆ. ಲಾರಿ, ಬಸ್ಸಿನಲ್ಲಿ ಎಕ್ಸಾಸ್ಟ್ ಬ್ರೇಕ್, ಅಂದರೆ ಹೊಗೆಯ ದಾರಿ ಮುಚ್ಚಿ ಎಂಜಿನ್ನಿನಿಂದಲೇ ತಡೆಯುವ ಬ್ರೇಕ್ ಹಾಕಿಕೊಳ್ಳಿ. ಆಟೊಮ್ಯಾಟಿಕ್ ಕಾರಿನಲ್ಲಿ ಡಿ ಬಿಟ್ಟು ಎಲ್ ಅಥವಾ ಮ್ಯಾನ್ಯುಯಲ್‌ಗೆ ಬನ್ನಿ. ವೇಗ ಏರಿದ ಮೇಲೆ ಗೇರ್ ಇಳಿಸಲು ಹೋದರೆ ಭಾರದ ಗಾಡಿಯಲ್ಲಿ ಗೇರ್ ಬೀಳುವುದಿಲ್ಲ, ನ್ಯೂಟ್ರಲ್‌ನಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಿಂದ ಮುಂದೆ ಬರೀ ಬ್ರೇಕೇ ಗತಿ.

ಬ್ರೇಕನ್ನು ಸವರುತ್ತಾ ಇಳಿಯಬೇಡಿ. 40 ಕಿಲೋಮೀಟರ್ ಮಿತಿ ಎಂದು ಮನಸ್ಸಿನಲ್ಲಿ ಇಟ್ಟುಕೊಂಡರೆ, 40 ಮುಟ್ಟಿದಾಗ ಗಟ್ಟಿಯಾಗಿ ಒತ್ತಿ 30ರ ಹತ್ತಿರ ತಂದು, ಪೂರ್ತಿ ಬಿಟ್ಟುಬಿಡಿ. ಮತ್ತೆ 40 ಆದಾಗ ಮತ್ತೆ. ಬಿಟ್ಟ ಹೊತ್ತಿನಲ್ಲಿ ಡ್ರಮ್ಮಿಗೆ ಗಾಳಿ ತಗಲುತ್ತದೆ. ಏರ್ ಬ್ರೇಕಿನ ಗಾಡಿಯಲ್ಲಿ ಪಟಪಟನೆ ಒತ್ತುತ್ತಿದ್ದರೆ ಟ್ಯಾಂಕಿನ ಗಾಳಿ ಖಾಲಿಯಾಗುತ್ತದೆ, ಗೇಜಿನ ಮೇಲೆ ಕಣ್ಣಿರಲಿ.

ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಇಳಿಸುವ ಅಭ್ಯಾಸ ಇನ್ನೂ ಇದೆ. ಇವತ್ತಿನ ಎಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ತಾನಾಗಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲು ಇಂಧನ ಬೇಕು. ಅಂದರೆ ಉಳಿತಾಯವೂ ಇಲ್ಲ. ಎಂಜಿನ್ನೇ ಆಫ್ ಮಾಡಿದರಂತೂ ಸ್ಟೀರಿಂಗ್ ಗಟ್ಟಿಯಾಗುತ್ತದೆ, ಬ್ರೇಕಿನ ಬೂಸ್ಟರ್ ಎರಡು ಮೂರು ಒತ್ತಿಗೆ ಮುಗಿಯುತ್ತದೆ. ಗೇರಿಲ್ಲದ ಸ್ಕೂಟರ್‌ನವರಿಗೆ ಬೇರೆಯೇ ಕಷ್ಟ. ನಿಧಾನ ವೇಗದಲ್ಲಿ ಕ್ಲಚ್ ತಾನಾಗಿ ಬಿಟ್ಟುಕೊಳ್ಳುವುದರಿಂದ ಎಂಜಿನ್ನಿನ ತಡೆ ಸಿಗುವುದೇ ಇಲ್ಲ. ಆಗುಂಬೆಯ ಹದಿನಾಲ್ಕು ತಿರುವು ಇಳಿಯುವಾಗ ಎರಡೂ ಬ್ರೇಕ್ ಬಳಸಿ, ನಡುವೆ ನಿಲ್ಲಿಸಿ ತಣಿಯಲು ಬಿಡಿ.

ಇನ್ನು, ಎದುರಿಗೆ ಏರುತ್ತಾ ಬರುವ ಗಾಡಿಗೆ ಇಕ್ಕಟ್ಟಿನಲ್ಲಿ ದಾರಿ ಬಿಡಬೇಕಾದವರು ಇಳಿಯುವವರು. ಇದು ಕಾನೂನೂ ಹೌದು.

ಸುಟ್ಟ ವಾಸನೆ ಬಂದರೆ, ಪೆಡಲು ಮೆತ್ತಗಾದರೆ ಮುಂದಿನ ಅಗಲ ಜಾಗದಲ್ಲೇ ನಿಲ್ಲಿಸಿ. ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಕಾದ ಡ್ರಮ್ಮಿಗೆ ನೀರು ಎರಚಬೇಡಿ, ಬಿರುಕು ಬಿಡುತ್ತದೆ. ಅರ್ಧ ಗಂಟೆಯಾದರೂ ತಣಿಯಲಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ಎತ್ತಿ ಬದಿಗೆ ಹಾಕಿ. ಮಂಜಿನಲ್ಲಿ ಬರುವ ಬೈಕಿನವನಿಗೆ ಅದು ಕಾಣುವುದಿಲ್ಲ. ಬ್ರೇಕ್ ಪೂರ್ತಿ ಕೈಕೊಟ್ಟರೆ ಹ್ಯಾಂಡ್‌ಬ್ರೇಕನ್ನು ಒಮ್ಮೆಲೇ ಅಲ್ಲ, ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ಗುಡ್ಡದ ಬದಿಗೆ ಒರೆಸಿಕೊಂಡು ನಿಲ್ಲಿಸಿ, ಕಣಿವೆಯ ಕಡೆಗೆ ತಿರುಗಿಸಬೇಡಿ.

ವಿಶ್ರಾಂತಿಯ ವಿಷಯದಲ್ಲಿ ಕಾನೂನು ಹಿಂದೆಯೇ ಸ್ಪಷ್ಟವಾಗಿ ಹೇಳಿತ್ತು. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ದುಡಿಮೆ, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎನ್ನುತ್ತಿತ್ತು. ಆ ಅರ್ಧ ಗಂಟೆಯನ್ನು ಘಾಟಿಯ ಮೇಲೆಯೇ, ಸಕಲೇಶಪುರದಲ್ಲೋ ಕೊಟ್ಟಿಗೆಹಾರದಲ್ಲೋ ತೆಗೆದುಕೊಳ್ಳಿ. ಮೊದಲು ಚಹಾ, ಆಮೇಲೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಎದ್ದ ಕೂಡಲೇ ಸ್ಟೀರಿಂಗ್ ಹಿಡಿಯದೆ ಮುಖ ತೊಳೆದು, ಟೈರು ತಟ್ಟಿ ನೋಡುತ್ತಾ ಇನ್ನೊಂದು ಕಾಲು ಗಂಟೆ ಓಡಾಡಿ.

ಪಕ್ಕದಲ್ಲಿ ಕುಳಿತವರಿಗೊಂದು ಮಾತು. ಲಾರಿಯ ಕ್ಲೀನರ್, ಬಸ್ಸಿನ ಎರಡನೇ ಚಾಲಕ, ಕಾರಿನಲ್ಲಿ ಮುಂದೆ ಕುಳಿತ ಅಣ್ಣನೋ ಅಕ್ಕನೋ, ನಿಮ್ಮ ಮಾತಿಗೆ ಬೆಲೆಯಿದೆ. ‘ಸ್ವಲ್ಪ ಜೋರಾಯ್ತೇನೋ’ ಎಂದು ಗೊಣಗಬೇಡಿ. ‘ಗೇರ್ ಇಳಿಸಿ’, ‘ಇಲ್ಲೇ ನಿಲ್ಲಿಸಿ’ ಎಂದು ನೇರವಾಗಿ ಹೇಳಿ. ಚಾಲಕರು ಹೊರಡುವ ಮೊದಲೇ ‘ನೀನು ನಿಲ್ಲಿಸು ಅಂದರೆ ನಿಲ್ಲಿಸ್ತೀನಿ’ ಎಂದು ಮಾತು ಕೊಟ್ಟಿರಲಿ.

ಶಿರಾಡಿ ಘಾಟಿಯ ಬುಡದ ಗುಂಡ್ಯ ತಲುಪಿದ ಮೇಲೆ ಗಾಡಿ ನಿಲ್ಲಿಸಿ ಒಂದು ಸುತ್ತು ಬನ್ನಿ. ಮುಟ್ಟಬೇಡಿ, ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿದು ಬಿಸಿ ನೋಡಿ. ಒಂದೇ ಆ್ಯಕ್ಸಲ್‌ನ ಎರಡೂ ಬದಿ ಹೆಚ್ಚುಕಡಿಮೆ ಒಂದೇ ಬಿಸಿ ಇರಬೇಕು. ಒಂದು ಕಡೆ ಮಾತ್ರ ಹೊಗೆಯಾಡುವಷ್ಟು ಬಿಸಿಯಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡೇ ಇದೆ. ಎಲ್ಲ ಬಿಸಿಯಾಗಿ ಒಂದು ಮಾತ್ರ ತಣ್ಣಗಿದ್ದರೆ ಆ ಚಕ್ರ ಘಾಟಿಯುದ್ದಕ್ಕೂ ಕೆಲಸವೇ ಮಾಡಿಲ್ಲ, ಅದರ ಪಾಲನ್ನು ಉಳಿದವು ಹೊತ್ತಿವೆ. ವಾಪಸು ಘಾಟಿ ಹತ್ತಿ ಮತ್ತೆ ಇಳಿಯುವ ಮುನ್ನ ಆ ಚಕ್ರವನ್ನು ಬಿಚ್ಚಿಸಿ ನೋಡಿಸಿ, ಬ್ರೇಕಿನ ಸಡಿಲ ಸರಿಪಡಿಸುವ ಸ್ಲ್ಯಾಕ್ ಅಡ್ಜಸ್ಟರ್ ಮತ್ತು ಲೈನರ್ ಎರಡನ್ನೂ.

ನಮಸ್ಕಾರ.